ದೂರದ ಶಿಷ್ಯನಿಗೆ ಏನು ಕೆಲಸ ಕೊಡಬೇಕು?

ಕಣ್ಣೆದುರಿಗಿಲ್ಲದ ಶಿಷ್ಯನಿಗೆ ವಿದ್ಯೆ ಕಲಿಸುವ ಯತ್ನವು ಅಂತರ್ಜಾಲದೊಡನೆಯೇ ಹುಟ್ಟಿತೆಂದು ಭಾವಿಸುವವರು ಇಂಗ್ಲೆಂಡಿನ ಐಸಾಕ್ ಪಿಟ್ಮನ್ ಎಂಬಾತನನ್ನು ಒಮ್ಮೆ ನೆನೆಯಬೇಕು. ಶೀಘ್ರಲಿಪಿಯ ಒಂದು ಪದ್ಧತಿಯನ್ನು ರಚಿಸಿದ್ದ ಆತನು, 1840ರಲ್ಲಿ ಆ ದೇಶದಲ್ಲಿ ಒಂದು ಪೆನ್ನಿಯ ಅಂಚೆಯು ಜಾರಿಗೆ ಬಂದೊಡನೆ, ತನ್ನ ಲಿಪಿಯ ಸಾರವನ್ನೆಲ್ಲ ಒಂದು ಹಾಳೆಯಲ್ಲಿ ಅಚ್ಚುಹಾಕಿಸಿ ಹಂಚಿ, ಕಲಿಯುವವರು ಬೈಬಲಿನ ವಾಕ್ಯಗಳನ್ನು ಆ ಲಿಪಿಯಲ್ಲಿ ಬರೆದು ತನಗೆ ಕಳುಹಿಸಬೇಕೆಂದೂ, ಅವನ್ನು ತಿದ್ದಿ ಹಿಂದಿರುಗಿಸಲಾಗುವುದೆಂದೂ ಏರ್ಪಾಟು ಮಾಡಿದನು. ಪಾಠವು ಒಂದು ಹಾಳೆಯಷ್ಟೇ. ಅಂಚೆಯಲ್ಲಿ ಮತ್ತೆ ಮತ್ತೆ ಹೋಗಿ ಬರುತ್ತಿದ್ದುದು ಶಿಷ್ಯನ ಬರಹ ಮತ್ತು ಅದರ ಮೇಲಿನ ತಿದ್ದುಪಡಿ.

ಇಂದಿನ ಆನ್‌ಲೈನ್ ಶಿಕ್ಷಣದಲ್ಲಿ ಈ ಪ್ರಮಾಣವು ತಲೆಕೆಳಗಾಗಿದೆ. ಸ್ಟುಡಿಯೋ, ದೀಪ, ಕ್ಯಾಮೆರಾ, ಪಿಪಿಟಿ ಇವುಗಳ ಸಜ್ಜಿನಲ್ಲಿಯೇ ಅಧ್ಯಾಪಕನ ಶಕ್ತಿಯೂ ಸಂಸ್ಥೆಯ ದ್ರವ್ಯವೂ ವ್ಯಯವಾಗಿ, ಶಿಷ್ಯನು ಮಾಡತಕ್ಕ ಕೆಲಸವನ್ನು ಯೋಚಿಸುವ ಹೊತ್ತಿಗೆ ಉಳಿಯುವುದು ನಾಲ್ಕು ಆಯ್ಕೆಗಳ ಹತ್ತು ಪ್ರಶ್ನೆಗಳು ಮಾತ್ರ. ನಮ್ಮ ದೇಶದ ಯೋಜನೆಗಳು ಇದನ್ನು ಅರಿಯವೆಂದಲ್ಲ. 2017ರಲ್ಲಿ ಆರಂಭವಾದ ‘ಸ್ವಯಂ’ ವೇದಿಕೆಯು ಪ್ರತಿಯೊಂದು ಪಠ್ಯಕ್ರಮಕ್ಕೂ ವಿಡಿಯೋ, ಓದುವ ಸಾಮಗ್ರಿ, ಸ್ವಯಂ ಪರೀಕ್ಷೆ, ಚರ್ಚೆ ಎಂಬ ನಾಲ್ಕು ಅಂಗಗಳನ್ನು ವಿಧಿಸಿದೆ. ಆದರೆ ಮೊದಲ ಅಂಗವು ಪುಷ್ಟವಾಗಿಯೂ ಕೊನೆಯ ಎರಡು ಕೃಶವಾಗಿಯೂ ಇರುವ ಪಠ್ಯಕ್ರಮಗಳೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ.

ವಿಡಿಯೋವನ್ನು ಶಿಷ್ಯನು ಎಷ್ಟು ಹೊತ್ತು ನೋಡುತ್ತಾನೆ? ಎಡ್‌ಎಕ್ಸ್ ವೇದಿಕೆಯ ನಾಲ್ಕು ಪಠ್ಯಕ್ರಮಗಳಲ್ಲಿ ದಾಖಲಾದ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಶೋಧಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಿಡಿಯೋ ಎಷ್ಟೇ ದೀರ್ಘವಾಗಿದ್ದರೂ ನೋಟದ ಮಧ್ಯಮಾವಧಿಯು 6 ನಿಮಿಷವನ್ನು ದಾಟದೆಂದು ಕಂಡುಕೊಂಡಿತು. ಇದನ್ನು ಓದಿದ ಅನೇಕರು ಒಂದು ಗಂಟೆಯ ಉಪನ್ಯಾಸವನ್ನು ಹತ್ತು ತುಂಡುಗಳಾಗಿ ಕತ್ತರಿಸಿ ಕೃತಕೃತ್ಯರಾದರು. ಕತ್ತರಿಸಿದ ಮಾತ್ರಕ್ಕೆ ಅದು ಒಂದು ಗಂಟೆಯ ಶ್ರವಣವಾಗಿ ಉಳಿಯದೆ ಬೇರೇನಾದೀತು? ತುಂಡು ತುಂಡಿನ ನಡುವೆ ಶಿಷ್ಯನು ಏನನ್ನಾದರೂ ಮಾಡುವಂತಿದ್ದರೆ ಮಾತ್ರ ಆ ಕತ್ತರಿಗೆ ಅರ್ಥ. ಮಂಗಳೂರಿನಲ್ಲಿ ಶಾಲಾ ವಿದ್ಯಾಭ್ಯಾಸ ಮಾಡಿದ ಅನಂತ್ ಅಗರ್‌ವಾಲ್ ಅವರು ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿ, 2012ರಲ್ಲಿ ವಿದ್ಯುನ್ಮಂಡಲಗಳ ವಿಷಯದಲ್ಲಿ ಜಗತ್ತಿಗೆಲ್ಲ ತೆರೆದ ಪಠ್ಯಕ್ರಮದಲ್ಲಿ ಹೀಗೆಯೇ ಮಾಡಲಾಗಿತ್ತು: ಸ್ವಲ್ಪ ವಿವರಣೆ, ಒಡನೆ ಒಂದು ಲೆಕ್ಕ, ಮತ್ತೆ ವಿವರಣೆ, ಆಮೇಲೆ ಪರದೆಯ ಮೇಲೆಯೇ ರೋಧಕಗಳನ್ನೂ ಧಾರಕಗಳನ್ನೂ ಜೋಡಿಸಿ ನೋಡುವ ಪ್ರಯೋಗಾಲಯ. ಅದಕ್ಕೆ ಹೆಸರು ಕೊಟ್ಟವರು ಸುಮಾರು 1,55,000 ಮಂದಿ. ಪ್ರಮಾಣಪತ್ರ ಪಡೆದವರು 7,157. ಈ ಅಂತರವನ್ನು ಕಂಡು ನಕ್ಕವರಿದ್ದಾರೆ. ಹೆಸರು ಕೊಟ್ಟವರೆಲ್ಲ ಕಲಿಯಲು ಬಂದವರಲ್ಲ, ಇಣಿಕಿ ನೋಡಲು ಬಂದವರೇ ಬಹಳ ಎಂಬುದನ್ನು ಒಪ್ಪಿದರೆ, ಕಠಿನವಾದ ಒಂದು ಶಾಸ್ತ್ರವನ್ನು ಏಳು ಸಾವಿರ ಜನ ಮನೆಯಲ್ಲಿಯೇ ಕುಳಿತು ಸಾಧಿಸಿದುದು ನಗತಕ್ಕ ವಿಷಯವಲ್ಲ.

ನೋಡುವುದಕ್ಕಿಂತ ನೆನಪಿಗೆ ತಂದುಕೊಳ್ಳುವುದು ಬಲವತ್ತರವೆಂಬುದಕ್ಕೆ ಪ್ರಯೋಗದ ಆಧಾರವೂ ಇದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗದ್ಯಭಾಗವೊಂದನ್ನು ಓದಿ ಮತ್ತೆ ಓದಿದವರು ಐದು ನಿಮಿಷಗಳ ಅನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಮ್ಮೆ ಓದಿ, ಹಾಳೆಯನ್ನು ಮುಚ್ಚಿ, ನೆನಪಾದುದನ್ನು ಬರೆದವರು ಒಂದು ವಾರದ ಅನಂತರ ಮುಂದಾದರು. ಪುನಃ ಪುನಃ ನೋಡಿದವನಿಗೆ ಕಲಿತೆನೆಂಬ ಭ್ರಾಂತಿಯುಂಟಾಗುವುದು ಸಹಜ. ಆದುದರಿಂದ ಆನ್‌ಲೈನ್ ಪಾಠವು ಮುಗಿದೊಡನೆ ಕೊಡಬಹುದಾದ ಅತ್ಯಂತ ಸರಳವಾದ ಕೆಲಸವೆಂದರೆ, ಎಲ್ಲವನ್ನೂ ಮುಚ್ಚಿಟ್ಟು ಐದು ವಾಕ್ಯ ಬರೆಯಿರಿ ಎನ್ನುವುದು. ಇದಕ್ಕೆ ಸ್ಟುಡಿಯೋ ಬೇಡ.

ಇನ್ನು ಪ್ರಶ್ನೆಯ ಸ್ವರೂಪ. ಕನ್ನಡ ವ್ಯಾಕರಣವನ್ನು ಫೋನಿನ ಮೂಲಕ ಕಲಿಸುವ ಅಧ್ಯಾಪಕರೊಬ್ಬರು ‘ಆಗಮಸಂಧಿ ಎಂದರೇನು?’ ಎಂದು ಕೇಳಿದರೆ, ಉತ್ತರವು ಗೈಡಿನಿಂದಲೋ, ಗೂಗಲ್‌ನಿಂದಲೋ, ಈಗೀಗ ಚಾಟ್‌ಜಿಪಿಟಿಯಿಂದಲೋ ಅಕ್ಷರದೋಷವಿಲ್ಲದೆ ಬಂದು ಬೀಳುತ್ತದೆ. ಅದರ ಬದಲು, ಮನೆಯ ಹಿರಿಯರೊಬ್ಬರು ಒಂದು ನಿಮಿಷ ಆಡಿದ ಮಾತನ್ನು ಧ್ವನಿಮುದ್ರಿಸಿಕೊಂಡು, ಅದರಲ್ಲಿ ಸಂಧಿಯಾದ ಐದು ಪದಗಳನ್ನು ಹೆಕ್ಕಿ ಬಿಡಿಸಿ ಬರೆಯಿರಿ ಎಂದರೆ? ‘ಮನೆಯಲ್ಲಿ’ ಎಂಬಲ್ಲಿ ಯಕಾರವು ಎಲ್ಲಿಂದ ಬಂದಿತು, ‘ಮಳೆಗಾಲ’ದಲ್ಲಿ ಕಕಾರವೇಕೆ ಗಕಾರವಾಯಿತು, ‘ಊರೂರು’ ಎಂಬಲ್ಲಿ ಲೋಪವಾದ ಸ್ವರ ಯಾವುದು ಎಂದು ಆ ಹುಡುಗನು ತನ್ನ ಅಜ್ಜಿಯ ಮಾತಿನಲ್ಲಿಯೇ ಹುಡುಕಬೇಕಾಗುತ್ತದೆ. ಅಜ್ಜಿಯು ಪುಸ್ತಕದ ಭಾಷೆಯನ್ನು ಆಡಲಾರಳು. ಧಾರವಾಡದ ಅಜ್ಜಿಯೊಂದು ಬಗೆ, ಕುಂದಾಪುರದ ಅಜ್ಜಿಯೊಂದು ಬಗೆ. ಸೂತ್ರಕ್ಕೆ ಒಗ್ಗದ ರೂಪಗಳು ಎದುರಾದಾಗ ತರಗತಿಯಲ್ಲಿ ನಿಜವಾದ ವಿಚಾರಣೆಯು ಹುಟ್ಟುತ್ತದೆ.

ಈ ಉದಾಹರಣೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಆನ್‌ಲೈನ್ ವಿದ್ಯಾರ್ಥಿಗಳು ಚದುರಿಹೋಗಿರುವುದನ್ನು ನಾವು ಕೊರತೆಯೆಂದೇ ಎಣಿಸುತ್ತೇವೆ. ಆ ಚದುರುವಿಕೆಯನ್ನೇ ಉಪಕರಣವಾಗಿ ಬಳಸತಕ್ಕ ಕೆಲಸಗಳು ಉಂಟು. ಕ್ರಿ. ಪೂ. 3ನೆಯ ಶತಮಾನದಲ್ಲಿ ಎರಟೋಸ್ಥನೀಸ್ ಎಂಬ ವಿದ್ವಾಂಸನು ಈಜಿಪ್ಟಿನ ಅಲೆಕ್ಸಾಂಡ್ರಿಯ ಮತ್ತು ಸಯೀನ್ ನಗರಗಳ ಮಧ್ಯಾಹ್ನದ ನೆರಳುಗಳ ಭೇದದಿಂದ ಭೂಮಿಯ ಸುತ್ತಳತೆಯನ್ನು ಗಣಿಸಿದನೆಂಬುದು ಪ್ರಸಿದ್ಧವಾದ ಸಂಗತಿ. ಬೀದರಿನ ಒಬ್ಬ ಹುಡುಗಿಯೂ ಚಾಮರಾಜನಗರದ ಒಬ್ಬ ಹುಡುಗನೂ ಒಂದೇ ಆನ್‌ಲೈನ್ ತರಗತಿಯಲ್ಲಿದ್ದರೆ ಅವರೂ ಇದನ್ನು ಮಾಡಬಹುದು. ಮಾರ್ಚ್ 21ರ ಸುಮಾರಿಗೆ, ಬಿಸಿಲಿರುವ ಸಮತಲವಾದ ಜಾಗದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೇರವಾಗಿ ನಿಲ್ಲಿಸಿ, ಹನ್ನೆರಡು ಗಂಟೆಯಿಂದ ಒಂದರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳನ್ನು ಅಳೆದು, ಎಲ್ಲಕ್ಕಿಂತ ಗಿಡ್ಡವಾದ ನೆರಳಿನ ಅಳತೆಯನ್ನೂ ಆಗಿನ ಗಂಟೆಯನ್ನೂ ವಾಟ್ಸ್ಆಪ್ ಗುಂಪಿಗೆ ಕಳುಹಿಸತಕ್ಕದ್ದು, ಇಷ್ಟೇ ಕೆಲಸ. ಬೀದರಿನಲ್ಲಿ ನೆರಳು ಸುಮಾರು 32 ಸೆಂಟಿಮೀಟರ್ ಬಂದರೆ ಚಾಮರಾಜನಗರದಲ್ಲಿ ಸುಮಾರು 21 ಬರಬೇಕು. ಕಾಗದದ ಮೇಲೆ ಕೋಲು, ನೆರಳುಗಳ ತ್ರಿಕೋನವನ್ನು ಎಳೆದು ಕೋನಮಾಪಕದಿಂದ ಅಳೆದರೆ ಒಂದು ಕಡೆ 18 ಡಿಗ್ರಿ, ಇನ್ನೊಂದು ಕಡೆ 12. ವ್ಯತ್ಯಾಸವಾದ 6 ಡಿಗ್ರಿಯು ಪೂರ್ಣವೃತ್ತದ 60ರಲ್ಲಿ ಒಂದು ಭಾಗ. ಎರಡು ಊರುಗಳಿಗೂ ಉತ್ತರ ದಕ್ಷಿಣವಾಗಿ ಇರುವ ದೂರವನ್ನು ಭೂಪಟದಿಂದ ತೆಗೆದರೆ ಸುಮಾರು 665 ಕಿಲೋಮೀಟರ್. ಅದನ್ನು 60ರಿಂದ ಗುಣಿಸಿದರೆ 40,000ದ ಆಸುಪಾಸಿಗೆ ಭೂಮಿಯ ಸುತ್ತಳತೆಯು ಕೈಗೆ ಬರುತ್ತದೆ. ಒಂದೇ ಊರಿನ ಒಂದೇ ಕೊಠಡಿಯಲ್ಲಿ ಕುಳಿತ ಮಕ್ಕಳಿಂದ ಇದು ಸಾಧ್ಯವಿಲ್ಲ.

ಅತಿ ಗಿಡ್ಡ ನೆರಳು ಹನ್ನೆರಡು ಗಂಟೆಗೆ ಬಾರದೆ ಹನ್ನೆರಡೂವರೆಯ ಹತ್ತಿರ ಬಂದಿತೇಕೆ ಎಂದು ಮಕ್ಕಳೇ ಕೇಳುತ್ತಾರೆ. ಭಾರತದ ಗಡಿಯಾರವು 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುವುದೆಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶವಿಲ್ಲ. ಒಬ್ಬನ ಅಳತೆ 27 ಎಂದು ಬಂದರೆ ಅವನ ಕೋಲು ವಾಲಿದ್ದಿತೆ, ನೆಲವು ಇಳಿಜಾರೆ ಎಂಬ ಚರ್ಚೆಗೆ ಆನ್‌ಲೈನ್ ತರಗತಿಯ ನೇರ ಅವಧಿಯನ್ನು ವಿನಿಯೋಗಿಸಬೇಕು; ಆ ಅವಧಿಯಲ್ಲಿ ಉಪನ್ಯಾಸ ಮಾಡುವುದು ಅಪವ್ಯಯ. ಅಳೆಯದೆಯೇ ಸಂಖ್ಯೆಯನ್ನು ಕಲ್ಪಿಸಿ ಕಳುಹಿಸುವ ಚತುರನಿರಲಾರನೆ ಎಂದರೆ, ಇದ್ದಾನು. ತನ್ನ ಊರಿನ ಅಕ್ಷಾಂಶವನ್ನು ತಿಳಿದು, ತ್ರಿಕೋನಮಿತಿಯಿಂದ ನಂಬಿಕೆ ಹುಟ್ಟಿಸುವ ಸಂಖ್ಯೆಯನ್ನು ಸೃಷ್ಟಿಸಬಲ್ಲವನು ಪಾಠವನ್ನು ಕಲಿತವನೆಂದೇ ಲೆಕ್ಕ.

ಸಂಗೀತದ ಗುರುಗಳು ಈ ಮರ್ಮವನ್ನು ತಮ್ಮ ಅನುಭವದಿಂದಲೇ ಅರಿತರು. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹೊರದೇಶದ ಕನ್ನಡ ಮಕ್ಕಳಿಗೆ ಕಲಿಸುವಾಗ, ಧ್ವನಿಯು ಕ್ಷಣಾಂಶ ತಡವಾಗಿ ತಲಪುವುದರಿಂದ ಇಬ್ಬರೂ ಕೂಡಿ ಒಂದೇ ತಾಳಕ್ಕೆ ಹಾಡುವಂತಿಲ್ಲ. ಆದಕಾರಣ ಶಿಷ್ಯನು ತಾನೊಬ್ಬನೇ ಹಾಡಿ ಮುದ್ರಿಸಿ ಕಳುಹಿಸುವ ರೂಢಿ ಬಂದಿತು. ಮುದ್ರಿಸಿದುದನ್ನು ಕಳುಹಿಸುವ ಮೊದಲು ಆತನು ತಾನೇ ಕೇಳುತ್ತಾನೆ; ಶ್ರುತಿ ತಪ್ಪಿದುದು ಕಿವಿಗೆ ಬಿದ್ದು ನಾಚಿ ಮತ್ತೆ ಹಾಡುತ್ತಾನೆ.

ಚರ್ಚೆಯ ಅಂಗಳದ ವಿಷಯದಲ್ಲಿ ಒಂದೇ ಮಾತು: ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂದರೆ ‘ತುಂಬಾ ಚೆನ್ನಾಗಿದೆ ಸರ್’ ಎಂಬ ಉತ್ತರಗಳ ಸಾಲು ಬರುತ್ತದೆ, ‘ನಿಮ್ಮ ಗೆಳೆಯನ ಬರಹದಲ್ಲಿ ನಿಮಗೆ ಅರ್ಥವಾಗದ ಒಂದು ವಾಕ್ಯವನ್ನು ಎತ್ತಿ ಬರೆಯಿರಿ’ ಎಂದರೆ ಚರ್ಚೆಯು ತಾನಾಗಿ ನಡೆಯುತ್ತದೆ.

ಕೆಲಸವನ್ನು ಯೋಜಿಸುವ ಮೊದಲು ಶಿಷ್ಯನ ಕೈಯಲ್ಲಿ ಏನಿದೆಯೆಂದು ವಿಚಾರಿಸುವುದು ಅವಶ್ಯ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರವು ಆರಂಭಿಸಿದ ‘ವಿದ್ಯಾಗಮ’ವು, ಸ್ಮಾರ್ಟ್‌ಫೋನ್ ಉಳ್ಳವರು, ಸಾದಾ ಫೋನ್ ಉಳ್ಳವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿಕೊಂಡು, ಅಧ್ಯಾಪಕರನ್ನು ಊರಿನ ಜಗಲಿಗಳಿಗೂ ಮರದ ನೆರಳುಗಳಿಗೂ ಕಳುಹಿಸಿತು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತಾದರೂ ಆ ವಿಂಗಡಣೆಯ ವಿವೇಕವು ಅನುಕರಣೀಯ. ಅಪ್ಪನ ಫೋನ್ ರಾತ್ರಿ ಎಂಟರ ಮೇಲೆ ಮನೆಗೆ ಬರುವ ಹುಡುಗನಿಗೆ ಸಂಜೆ ಐದರ ಗಡುವನ್ನು ಕೊಡುವುದು ಅನ್ಯಾಯ. ವಾರದ ಗಡುವು, ಒಂದು ಚಿತ್ರ, ನಾಲ್ಕು ಸಾಲು, ಇಷ್ಟರಲ್ಲಿ ಮುಗಿಯುವಂತೆ ಕೆಲಸವನ್ನು ರೂಪಿಸಬೇಕು. ಕ್ಯಾಮೆರಾ ತೆರೆದಿರಲೇಬೇಕೆಂಬ ಕಟ್ಟಳೆಯು ನನಗೆ ಸರಿತೋರದು. ಮುಖ ಕಂಡ ಮಾತ್ರಕ್ಕೆ ಮನಸ್ಸು ಕಾಣುವುದಿಲ್ಲ.

ಇಷ್ಟೆಲ್ಲವನ್ನೂ ಅಧ್ಯಾಪಕರು ಯೋಜಿಸಿದರೂ, ಬಂದ ಉತ್ತರಗಳನ್ನು ಓದುವವರಿಲ್ಲದಿದ್ದರೆ ಎಲ್ಲವೂ ವ್ಯರ್ಥ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಗಳು ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಗಳ ನೇರ ಬೋಧನೆಯನ್ನು ವಿಧಿಸಿವೆ. ಆನ್‌ಲೈನ್ ಶಿಷ್ಯನ ಬರಹವನ್ನು ತಿದ್ದುವುದೇ ಅವನ ಪಾಲಿನ ನೇರ ಬೋಧನೆಯಾದ್ದರಿಂದ, ಆ ಹೊತ್ತನ್ನೂ ಈ ಗಂಟೆಗಳಲ್ಲಿಯೇ ಎಣಿಸುವುದು ನ್ಯಾಯ. ಆನ್‌ಲೈನ್ ಪದವಿಗಳನ್ನು ತೆರೆಯಲು ಮುಂದಾಗಿರುವ ಸಂಸ್ಥೆಗಳ ಆಡಳಿತಗಾರರು, ಎಷ್ಟು ಗಂಟೆಗಳ ವಿಡಿಯೋ ಸಿದ್ಧವಾಗಿದೆಯೆಂದು ಕೇಳುವ ಮೊದಲು, ಪ್ರತಿಯೊಬ್ಬ ವಿದ್ಯಾರ್ಥಿಯ ಉತ್ತರವನ್ನು ಯಾರು, ಎಷ್ಟು ದಿನಗಳೊಳಗೆ ತಿದ್ದಿ ಹಿಂದಿರುಗಿಸುವರೆಂಬುದನ್ನು ಬರೆದಿಟ್ಟು, ಆ ಮೇಲೆ ಪ್ರವೇಶದ ಪ್ರಕಟಣೆಯನ್ನು ಹೊರಡಿಸಲಿ.