ತಲೆಕೆಳಗಾದ ಗೋಪುರ

ವಿರೂಪಾಕ್ಷನ ಗರ್ಭಗುಡಿಯ ಹಿಂಬದಿಗೆ ಸುತ್ತಿ ಹೋಗಿ ಕೆಲವು ಮೆಟ್ಟಿಲು ಹತ್ತಿದರೆ ಒಂದು ಕತ್ತಲ ಕೋಣೆ. ಹಂಪಿಯ ಮಧ್ಯಾಹ್ನದ ಬಿಸಿಲಿನಿಂದ ನೇರವಾಗಿ ಅದರೊಳಗೆ ಕಾಲಿಟ್ಟರೆ ಮೊದಲಿಗೆ ಏನೂ ಕಾಣುವುದಿಲ್ಲ. ಅಂಗಾಲಿಗೆ ತಣ್ಣನೆಯ ಕಲ್ಲು, ಮೂಗಿಗೆ ಹಳೆಯ ಎಣ್ಣೆಯ ವಾಸನೆ, ಮುಂದೆ ನಿಂತವರ ಬೆನ್ನು ಮೊಣಕೈಗೆ ತಾಗಿದ್ದು, ಇಷ್ಟೇ ಗೊತ್ತಾಗುವುದು. ಸೋದರತ್ತೆ ನನ್ನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಲಗಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಗಿತ್ತು.

“ಅವಸರ ಮಾಡಬ್ಯಾಡ್ರಿ ಅಮ್ಮಾ, ಕಣ್ಣು ಒಗ್ಗಬೇಕು. ಕಿಂಡಿಗೆ ಅಡ್ಡ ಮಾತ್ರ ನಿಲ್ಲಬ್ಯಾಡ್ರಿ,” ಎಂದ ಗೈಡು.

ದಿನಕ್ಕೆ ಹತ್ತು ಸಲ ಹೇಳಿ ಸವೆದ ಮಾತು. ಆದರೆ ಕಣ್ಣು ಒಗ್ಗುವುದು ಎಂದರೆ ಸಣ್ಣ ಕೆಲಸವಲ್ಲ. ಪಾಪೆ ಹಿಗ್ಗುವುದು ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ; ಉಳಿದದ್ದು ರಸಾಯನದ ಕೆಲಸ, ನಿಧಾನ. ಕಣ್ಣಿನ ಹಿಂಗೋಡೆಯಾದ ಅಕ್ಷಿಪಟಲದಲ್ಲಿ ಮಬ್ಬು ಬೆಳಕಿಗೆಂದೇ ಇರುವ ಕಡ್ಡಿಕೋಶಗಳಿವೆ. ಅವುಗಳೊಳಗಿನ ವರ್ಣದ್ರವ್ಯವನ್ನು ಬಿಸಿಲು ಬಿಳುಚಿಸಿಬಿಟ್ಟಿರುತ್ತದೆ. ಕತ್ತಲಲ್ಲಿ ಅದು ಮತ್ತೆ ತಯಾರಾಗಬೇಕು, ಪೂರ್ತಿ ಆಗಲು ಅರ್ಧ ಗಂಟೆಯಾದರೂ ಬೇಕು. ಎ ಜೀವಸತ್ವ ಕಡಿಮೆಯಾದವರಿಗೆ ಇರುಳುಗಣ್ಣು ಬರುವುದು ಈ ತಯಾರಿಗೆ ಸರಕು ಸಾಲದೆ. ನಮಗೆ ಅರ್ಧ ಗಂಟೆ ಬೇಕಾಗಲಿಲ್ಲ. ಎದುರಿನ ಗೋಡೆಯ ಕಪ್ಪು ಮೆಲ್ಲಗೆ ಬೂದಿಯಾಯಿತು, ಬೂದಿಯೊಳಗೊಂದು ಆಕಾರ ಕೂಡಿಕೊಂಡಿತು. ಮೇಲೆ ಅಗಲ, ಕೆಳಗೆ ಚೂಪು.

“ಇದೇನೋ ತಮ್ಮಾ, ಗೋಪುರ ತೆಲಿ ಕೆಳಗ ಮಾಡಿ ನಿಂತೈತಲ್ಲೋ!”

ಹೊರಗೆ ಸುಮಾರು 50 ಮೀಟರ್ ಎತ್ತರಕ್ಕೆ ನಿಂತಿರುವ ಪೂರ್ವದ ರಾಜಗೋಪುರ ಇಲ್ಲಿ ಗೋಡೆಯ ಮೇಲೆ ಒಬ್ಬ ಮನುಷ್ಯನಷ್ಟೂ ಇಲ್ಲದೆ, ಕಳಶ ಕೆಳಗಾಗಿ ತೂಗುತ್ತಿತ್ತು. ಪವಾಡ ಎನ್ನುವವರು ಅಲ್ಲೂ ಇದ್ದರು, ಅವರ ಪಾಡಿಗೆ ಅವರು ಕೈ ಮುಗಿದರು. ಬೆಳಕು ನೆಟ್ಟಗೆ ಹರಿಯುತ್ತದೆ, ಅಷ್ಟೇ ಇದರ ಗುಟ್ಟು. ಗೋಪುರದ ತುದಿಯಿಂದ ಹೊರಟ ಕಿರಣ ಕಿಂಡಿ ತೂರಿ ಗೋಡೆಯ ತಳಕ್ಕೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲಕ್ಕೆ ಹೋಗುತ್ತದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಇಂಥ ಕತ್ತಲ ಕೋಣೆಯ ಲೆಕ್ಕಾಚಾರವನ್ನು ಸಾವಿರ ವರ್ಷದ ಹಿಂದೆಯೇ ಕೈರೋದಲ್ಲಿ ಇಬ್ನ್ ಅಲ್ ಹೈತಂ ಮಾಡಿದ್ದ. ಗೋಪುರದ ತುದಿಯ ಬಳಿ, ಅಂದರೆ ಗೋಡೆಯ ಬುಡದಲ್ಲಿ, ಒಂದು ಪಾರಿವಾಳ ಹಾದು ಹೋಗಿದ್ದನ್ನು ಕಂಡೆ. ಕಂಡೆನೋ, ಕಂಡಂತೆ ಅನಿಸಿತೋ, ಆಣೆ ಮಾಡಿ ಹೇಳಲಾರೆ.

ನಮ್ಮ ಕಣ್ಣೂ ಇಂಥದೇ ಕೋಣೆ. ಅಡ್ಡಳತೆ ಸುಮಾರು 24 ಮಿಲಿಮೀಟರ್, ಒಳಗೆ ಗಾಳಿಯ ಬದಲು ತಿಳಿಯಾದ ಲೋಳೆ. ಕಿಂಡಿಗೆ ನಮ್ಮವರು ಪಾಪೆ ಎಂದು ಹೆಸರಿಟ್ಟಿದ್ದಾರೆ. ಪಾಪೆ ಎಂದರೆ ಬೊಂಬೆ. ಯಾರದೇ ಕಣ್ಣೊಳಗೆ ಹತ್ತಿರದಿಂದ ಇಣುಕಿದರೆ ಅಲ್ಲಿ ನಮ್ಮದೇ ಪುಟ್ಟ ಬೊಂಬೆ ಕಾಣುತ್ತದಲ್ಲ, ಅದಕ್ಕೆ. ವಿರೂಪಾಕ್ಷನ ಕಿಂಡಿಗೆ ಮಸೂರವಿಲ್ಲ, ಆದ್ದರಿಂದ ಚಿತ್ರ ಮಂಕು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವೂ ಅದರ ಹಿಂದಿನ ಮಸೂರವೂ ಸೇರಿ ಬೆಳಕನ್ನು ಬಾಗಿಸಿ ಚೊಕ್ಕ ಚಿತ್ರ ಬೀಳಿಸುತ್ತವೆ. ಆದರೆ ಆ ಚಿತ್ರವೂ ತಲೆಕೆಳಗೇ. 1604ರಲ್ಲಿ ಕೆಪ್ಲರ್ ಇದನ್ನು ಗಣಿತದಿಂದ ತೋರಿಸಿಕೊಟ್ಟ.

ಇದನ್ನೆಲ್ಲ ಅತ್ತೆಗೆ ಪಿಸುಗುಟ್ಟಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಒಳಗ ಕುಂತು ಅದನ್ನ ನೆಟ್ಟಗ ಮಾಡಾವ್ರು ಯಾರೋ?” ಎಂದರು.

ಕೆಪ್ಲರನೂ ಇಲ್ಲಿಗೆ ಬಂದು ನಿಂತಿದ್ದ. ಗೋಡೆಯ ಮೇಲೆ ಚಿತ್ರ ಬೀಳುವವರೆಗೆ ನನ್ನ ಕೆಲಸ, ಮುಂದಿನದು ತತ್ವಜ್ಞಾನಿಗಳ ಪಾಲು ಎಂಬ ಧಾಟಿಯಲ್ಲಿ ಕೈ ತೊಳೆದುಕೊಂಡಿದ್ದ. ಅತ್ತೆ ಪ್ರಾಥಮಿಕ ಶಾಲೆ ದಾಟಿದವರಲ್ಲ. ನಾನೂರು ವರ್ಷದ ಪ್ರಶ್ನೆಯನ್ನು ಸೆರಗು ಸರಿಮಾಡಿಕೊಳ್ಳುತ್ತಲೇ ಕೇಳಿದ್ದರು.

ಈ ಕೋಣೆಗೂ ಕಣ್ಣಿಗೂ ಹೋಲಿಕೆ ಮುರಿಯುವುದು ಇಲ್ಲೇ. ಇಲ್ಲಿ ಗೋಡೆಯ ಚಿತ್ರ ನೋಡಲು ನಾವು ಹದಿನೈದು ಮಂದಿ ನಿಂತಿದ್ದೇವೆ. ಕಣ್ಣಿನ ಕೋಣೆಯಲ್ಲಿ ಯಾರೂ ಇಲ್ಲ. ಒಬ್ಬ ಪುಟ್ಟ ಮನುಷ್ಯ ಕೂತು ನೋಡುತ್ತಾನೆ ಎಂದುಕೊಂಡರೆ ಅವನ ಕಣ್ಣೊಳಗೆ ಮತ್ತೊಬ್ಬ ಬೇಕಾಗುತ್ತಾನೆ, ಇವನೊಳಗೆ ಇನ್ನೊಬ್ಬ. ನೋಡುವವನೇ ಇಲ್ಲದ ಮೇಲೆ ತಲೆಕೆಳಗು ಎಂಬ ದೂರು ಕೊಡುವವನೂ ಇಲ್ಲ. 1890ರ ದಶಕದಲ್ಲಿ ಅಮೆರಿಕದ ಸ್ಟ್ರಾಟನ್ ಲೋಕವನ್ನು ಬುಡಮೇಲು ತೋರಿಸುವ ಮಸೂರ ಕಟ್ಟಿಕೊಂಡು ಎಂಟು ದಿನ ಓಡಾಡಿದ. ಮೊದಮೊದಲು ಕೈ ಚಾಚಿದ್ದೆಲ್ಲ ತಪ್ಪು ಕಡೆಗೆ. ವಾರ ಮುಗಿಯುವ ಹೊತ್ತಿಗೆ ಕೈಕಾಲು ಕಣ್ಣಿನ ಮಾತು ಕೇಳತೊಡಗಿದ್ದವು. ಚಾಚಿದ ಕೈಗೆ ತಂಬಿಗೆ ಸಿಕ್ಕಿತೆಂದರೆ ಚಿತ್ರ ನೆಟ್ಟಗಿದೆ ಎಂದೇ ಲೆಕ್ಕ.

ಕಣ್ಣಿನಿಂದ ಹಿಂದಕ್ಕೆ ಹೋಗುವುದು ಚಿತ್ರವಂತೂ ಅಲ್ಲ. ಒಂದೊಂದು ಅಕ್ಷಿಪಟಲದಲ್ಲಿ ಸುಮಾರು 12 ಕೋಟಿ ಕಡ್ಡಿಕೋಶ, ಬಣ್ಣ ಕಾಣುವ ಶಂಕುಕೋಶ 60 ಲಕ್ಷದಷ್ಟು. ಅಲ್ಲಿಂದ ಮಿದುಳಿಗೆ ಹೊರಡುವ ನರತಂತುಗಳು ಮಾತ್ರ ಹೆಚ್ಚುಕಡಿಮೆ 10 ಲಕ್ಷ. ಎಲ್ಲವನ್ನೂ ಸಾಗಿಸುವಷ್ಟು ದಾರಿಯೇ ಇಲ್ಲ, ಹಾಗಾಗಿ ಆರಿಸಿಕೊಳ್ಳಲೇಬೇಕು. ಹಿಂದೆ ಶಾನುಭೋಗರು ತಾಲ್ಲೂಕಿಗೆ ಬರೆದು ಕಳಿಸುವಾಗ ಹೊಲದ ಕಾಳು ಎಣಿಸುತ್ತಿರಲಿಲ್ಲ, ಗಡಿ ಎಲ್ಲಿ, ಏನು ಬದಲಾಯಿತು ಎಂದು ಬರೆಯುತ್ತಿದ್ದರು. ಅಕ್ಷಿಪಟಲವೂ ಅಂಥ ಶಾನುಭೋಗ. ಬೆಳಕು ಎಲ್ಲಿ ಕತ್ತಲೆಗೆ ತಿರುಗುತ್ತದೆ, ಯಾವುದು ಅಲುಗಿತು ಎಂಬ ಸುದ್ದಿಯೇ ಅದಕ್ಕೆ ಮುಖ್ಯ.

ಆ ಸುದ್ದಿ ಹೋಗುವ ದಾರಿಯೂ ಸೊಟ್ಟ. ಎರಡು ಕಣ್ಣಿನ ನರಗಳು ಮೂಗಿನ ಬೇರಿನ ಹಿಂದೆ ಕೂಡುತ್ತವೆ; ಅಲ್ಲಿ ಅರ್ಧ ತಂತುಗಳು ದಾರಿ ಬದಲಿಸಿ, ಎಡಬದಿಯ ನೋಟವೆಲ್ಲ ಬಲ ಮಿದುಳಿಗೂ ಬಲಬದಿಯದು ಎಡ ಮಿದುಳಿಗೂ ಹಂಚಿಹೋಗುತ್ತದೆ. ಮಿದುಳಿನ ನಡುವೆ ಒಂದು ಠಾಣೆ ದಾಟಿ, ಕಣ್ಣಿನಿಂದ ಆದಷ್ಟೂ ದೂರದ ಹಿಂದಲೆಗೆ ಮುಟ್ಟುತ್ತದೆ. ಅತ್ತೆಯ ತುರುಬನ್ನು ಮೆಲ್ಲಗೆ ಮುಟ್ಟಿ, “ನಿಮಗ ಗೋಪುರ ಕಂಡದ್ದು ಇಲ್ಲಿ,” ಎಂದೆ. “ಹಿಂದ ಕಣ್ಣಿಲ್ಲ ನನಗ ಅಂತ ಇಷ್ಟು ದಿನ ಸುಳ್ಳ ಹೇಳಿದ್ನಿ ಹಂಗಾದ್ರ,” ಎಂದು ನಕ್ಕರು. ಈ ಹಿಂದಲೆಯ ನಕ್ಷೆಯನ್ನು ಮೊದಲು ಬಿಡಿಸಿದವರಲ್ಲಿ ಜಪಾನಿನ ಕಣ್ಣಿನ ವೈದ್ಯ ತತ್ಸುಜಿ ಇನೌಯೆ ಒಬ್ಬ. 1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ಗುಂಡು ತಲೆಯನ್ನು ತೂರಿ ಹೋಗಿಯೂ ಬದುಕಿದ ಸೈನಿಕರನ್ನು ಅವನು ಪರೀಕ್ಷಿಸಿದ. ಕಣ್ಣು ನೆಟ್ಟಗೇ ಇದ್ದರೂ ನೋಟದಲ್ಲಿ ತೂತು. ಗುಂಡು ಹೊಕ್ಕ ಜಾಗಕ್ಕೂ ತೂತು ಬಿದ್ದ ಜಾಗಕ್ಕೂ ತಾಳೆ.

ಅಲ್ಲಿನ ಒಂದೊಂದು ಜೀವಕೋಶವೂ ಏನನ್ನು ಕಾಯುತ್ತಿರುತ್ತದೆ ಎಂಬುದು ಗೊತ್ತಾದದ್ದು ಆಕಸ್ಮಿಕವಾಗಿ. 1958ರಲ್ಲಿ ಬಾಲ್ಟಿಮೋರಿನಲ್ಲಿ ಹ್ಯೂಬೆಲ್ ಮತ್ತು ವೀಸೆಲ್ ಎಂಬಿಬ್ಬರು ಬೆಕ್ಕಿನ ಮಿದುಳಿಗೆ ತಂತಿ ಚುಚ್ಚಿ, ಕಪ್ಪು ಚುಕ್ಕೆಯಿದ್ದ ಗಾಜನ್ನು ಯಂತ್ರಕ್ಕೆ ತುರುಕುತ್ತಿದ್ದರು. ಚುಕ್ಕೆಗೆ ಆ ಕೋಶ ಕ್ಯಾರೆ ಅನ್ನಲಿಲ್ಲ. ಗಾಜು ಜಾರಿಸುವಾಗ ಅದರ ಅಂಚಿನ ನೆರಳಿನ ಗೆರೆ ಪರದೆಯ ಮೇಲೆ ಸರಿದದ್ದೇ ತಡ, ಪಟಪಟ ಸಿಡಿಯಿತು. ಅದಕ್ಕೆ ಬೇಕಾಗಿದ್ದದ್ದು ಒಂದು ಓರೆಯ ಗೆರೆ, ಬೇರೆ ಓರೆಯಾದರೆ ಅದು ಮೌನ. 1981ರ ನೊಬೆಲ್‌ನಲ್ಲಿ ಅವರಿಬ್ಬರಿಗೂ ಪಾಲು ಸಿಕ್ಕಿತು. ಗೆರೆಗಳಿಂದ ಮೂಲೆ, ಮೂಲೆಗಳಿಂದ ಆಕಾರ, ಬಣ್ಣಕ್ಕೊಂದು ಕಡೆ, ಚಲನೆಗೊಂದು ಕಡೆ, ಮುಖ ಗುರುತಿಸಲು ಇನ್ನೊಂದು ಕಡೆ. ಹೀಗೆ ತಲೆತುಂಬ ಕೆಲಸ ಹಂಚಿಕೆಯಾಗಿದೆ.

ಕೆಳಗಿನಿಂದ ಮೇಲಕ್ಕೆ ಸುದ್ದಿ ಬರುವುದಷ್ಟೇ ಆಗಿದ್ದರೆ ಬಾದಾಮಿಯಲ್ಲಿ ಹಿಂದಿನ ದಿನ ಅತ್ತೆಗೂ ಒಬ್ಬ ಹುಡುಗನಿಗೂ ಜಗಳವಾಗುತ್ತಿರಲಿಲ್ಲ. ಮೊದಲನೇ ಗುಹೆಯಲ್ಲಿ ಜನವೆಲ್ಲ ಹದಿನೆಂಟು ಕೈಯ ನಟರಾಜನ ಮುಂದೆ ಫೋಟೋಕ್ಕೆ ನಿಂತಿದ್ದರು. ಬಾಗಿಲ ಎಡಕ್ಕಿರುವ ದ್ವಾರಪಾಲಕನ ಕೆಳಗಿನ ಸಣ್ಣ ಕೆತ್ತನೆ ನೋಡುತ್ತ ಕೂತವರು ಇವರಿಬ್ಬರೇ. ಅಲ್ಲಿ ಎರಡು ಮೈಗೆ ಒಂದೇ ತಲೆ. “ಆನಿ,” ಎಂದರು ಅತ್ತೆ. “ಅಲ್ಲಜ್ಜಿ, ಎತ್ತು,” ಎಂದ ಹುಡುಗ. ಎಡದ ಮೈ ಹಿಡಿದು ಬಂದರೆ ಆನೆ, ಬಲದಿಂದ ಬಂದರೆ ಬಸವ. ಅಂಗೈಯಿಂದ ಒಂದು ಮೈ ಮುಚ್ಚಿ ತೋರಿಸಿದ ಮೇಲೆ ಇಬ್ಬರಿಗೂ ಎರಡೂ ಸಿಕ್ಕವು. ಆದರೆ ಒಟ್ಟಿಗೇ ಎರಡೂ ಸಿಗಲಿಲ್ಲ. ಕಲ್ಲು ಬದಲಾಗುವುದಿಲ್ಲ, ಅಕ್ಷಿಪಟಲದ ಚಿತ್ರವೂ ಬದಲಾಗುವುದಿಲ್ಲ. ಇದು ಇಂಥದೇ ಇರಬೇಕು ಎಂದು ಮೇಲಿನಿಂದ ಊಹೆ ಇಳಿದು ಬಂದು ಕೆಳಗಿನ ಸುದ್ದಿಯನ್ನು ಓದುತ್ತದೆ. ಆರನೇ ಶತಮಾನದ ಶಿಲ್ಪಿಗೆ ನರವಿಜ್ಞಾನ ತಿಳಿದಿರಲಿಲ್ಲ, ನೋಡುವವರ ಈ ಚಪಲ ಚೆನ್ನಾಗಿ ತಿಳಿದಿತ್ತು.

ಅತ್ತೆಯ ಎರಡು ಕಣ್ಣುಗಳದೇ ಬೇರೆ ಕಥೆ. ಹಾವು ಕಳಚುವುದಕ್ಕೂ ಪೊರೆ ಎನ್ನುತ್ತೇವೆ, ಕಣ್ಣಿಗೆ ಬರುವುದಕ್ಕೂ ಪೊರೆ. ಅದಕ್ಕೇ ಅನೇಕರು ಕಣ್ಣಿನ ಮೇಲೊಂದು ಚರ್ಮ ಬೆಳೆದಿದೆ, ಸುಲಿದು ತೆಗೆಯುತ್ತಾರೆ ಎಂದುಕೊಂಡಿದ್ದಾರೆ. ಮಂಜಾಗುವುದು ಒಳಗಿನ ಮಸೂರವೇ. ಅದು ವರ್ಷವರ್ಷಕ್ಕೆ ಹಳದಿಗೆ ತಿರುಗುತ್ತ ನೀಲಿ ಬೆಳಕನ್ನು ನುಂಗುತ್ತದೆ. ಅಷ್ಟು ವರ್ಷ ಅತ್ತೆಗೆ ಅದು ತಿಳಿದೇ ಇರಲಿಲ್ಲ, ಏಕೆಂದರೆ ಮಿದುಳು ತನ್ನ ಪಾಡಿಗೆ ತಾನು ಬಿಳಿಯನ್ನು ಬಿಳಿ ಎಂದೇ ಲೆಕ್ಕ ಹಿಡಿದುಕೊಂಡು ಹೋಗಿತ್ತು. ಬಲಗಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವರೇ ಪಡಸಾಲೆಯಲ್ಲಿ ನಿಂತು, “ನಾ ಇಲ್ಲದಾಗ ಗ್ವಾಡಿಗೆ ಸುಣ್ಣ ಹೊಡಿಸೀರೇನು?” ಎಂದಿದ್ದರು. ಆಮೇಲೆ ಅದೊಂದು ಆಟವೇ ಆಯಿತು. ಇಳಕಲ್ ಸೀರೆಯ ಸೆರಗು ಹಿಡಿದು ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, “ಇದರಾಗ ನೀಲಿ, ಇದರಾಗ ಮಾಸಿದ್ದು” ಎಂದು ಬಂದವರಿಗೆಲ್ಲ ತೋರಿಸುವುದು. ಎರಡೂ ತೆರೆದರೆ ಯಾವುದು ಎಂದು ಕೇಳಿದೆ. “ಎರಡೂ ತಗದ್ರ ಸೀರಿ,” ಎಂದರು.

ಅವರ ತಾಯಿಗೆ, ಅಂದರೆ ನಮ್ಮಜ್ಜಿಗೆ, ಪೊರೆ ತೆಗೆದದ್ದು ಪೆಂಡಾಲು ಹಾಕಿದ ಶಿಬಿರವೊಂದರಲ್ಲಿ. ನಮ್ಮ ಸೀಮೆಯಲ್ಲಿ ಕಣ್ಣಿನ ಶಿಬಿರ ಎಂದರೆ ಮೋದಿ ಡಾಕ್ಟರ ಹೆಸರು ಬರಲೇಬೇಕು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಕಣ್ಣು ಕೊಟ್ಟವರು; 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. ಆ ಕಾಲದಲ್ಲಿ ಮಸೂರ ತೆಗೆಯುತ್ತಿದ್ದರು, ಬದಲಿಗೆ ಏನನ್ನೂ ಇಡುತ್ತಿರಲಿಲ್ಲ. ಆ ಕೊರತೆ ತುಂಬಲು ಸೋಡಾಬುಡ್ಡಿ ಕನ್ನಡಕ. ಅದರಲ್ಲಿ ಎಲ್ಲ ಕಾಲು ಪಾಲು ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುತ್ತಿತ್ತು. ಅಜ್ಜಿ ಚಹಾ ಕುಡಿದ ಲೋಟವನ್ನು ಕಟ್ಟೆಗಿಂತ ಗೇಣು ಮೊದಲೇ ಬಿಟ್ಟು ಎಷ್ಟು ಲೋಟ ನೆಗ್ಗಿಸಿದರೋ! ಕೆಲವು ವಾರಗಳಾದ ಮೇಲೆ ಲೋಟ ಬೀಳುವುದು ನಿಂತಿತು. ಕನ್ನಡಕ ಅದೇ ಇತ್ತು. ಹಿಂದಲೆ ಮತ್ತು ಕೈ ಮಾತಾಡಿಕೊಂಡು ಹೊಸ ಅಳತೆ ಮಾಡಿಕೊಂಡಿದ್ದವು. ಅತ್ತೆಗೆ ಅಂಥ ಪಡಿಪಾಟಲು ಬರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಮುಚ್ಚಳದ ಅಕ್ರಿಲಿಕ್ ಚೂರು ಕಣ್ಣಿಗೆ ಹೊಕ್ಕರೂ ಕಣ್ಣು ಕೆರಳದಿದ್ದದ್ದನ್ನು ಗಮನಿಸಿ, ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಅದೇ ವಸ್ತುವಿನ ಮಸೂರವನ್ನು ಕಣ್ಣೊಳಗೇ ಕೂರಿಸಿದ. ಅತ್ತೆಯ ಕಣ್ಣಲ್ಲಿರುವುದು ಅದರ ಮೊಮ್ಮಗು.

ಸಂಜೆ ಹೇಮಕೂಟ ಹತ್ತಿದೆವು. ಒಂದು ಕಡೆ ಗೋಪುರ, ಈಗ ನೆಟ್ಟಗೆ, ಮತ್ತೆಲ್ಲ ಕಡೆ ಬಂಡೆಗಳೇ ಬಂಡೆಗಳು. ಈ ಇಡೀ ನೋಟ ಒಮ್ಮೆಗೇ ಚೊಕ್ಕವಾಗಿ ಕಾಣುತ್ತಿದೆ ಎನಿಸುವುದೂ ಒಂದು ನಂಬಿಕೆಯೇ. ತೋಳು ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟಗಲ ಮಾತ್ರ ನಿಜವಾಗಿ ಸ್ಪಷ್ಟ, ಉಳಿದದ್ದು ಮಸುಕು. ಕಣ್ಣು ಸೆಕೆಂಡಿಗೆ ಮೂರು ಸಲ ನೆಗೆದು ನೆಗೆದು ಆ ಉಗುರಗಲವನ್ನು ಎಲ್ಲೆಡೆ ಒಯ್ಯುತ್ತದೆ. ನೆಗೆತದ ನಡುವಿನ ಕಲಸುಮೇಲೋಗರವನ್ನು ಮಿದುಳು ನಮಗೆ ತೋರಿಸುವುದೇ ಇಲ್ಲ. ಕನ್ನಡಿಯಲ್ಲಿ ತನ್ನ ಕಣ್ಣು ಹೊರಳುವುದನ್ನು ತಾನೇ ಕಂಡವರಿಲ್ಲ.

ಬೆಳಕು ಇಳಿಯಿತು. ಕೆಳಗಿನ ಅಂಗಡಿಗಳ ಕೆಂಪು ಬಟ್ಟೆ ಮೊದಲು ಕಪ್ಪಾಯಿತು, ಹಸಿರು ಸ್ವಲ್ಪ ತಡವಾಗಿ. ಶಂಕುಕೋಶಗಳು ಅಂಗಡಿ ಮುಚ್ಚುತ್ತಿದ್ದವು, ಕಡ್ಡಿಕೋಶಗಳ ಪಾಳಿ ಶುರು. ಬಂಡೆಗಳ ಅಂಚುಗಳು ಒಂದರೊಳಗೊಂದು ಕರಗಿದವು.

ದೆಹಲಿಯ ಮಕ್ಕಳು ನೆನಪಾದರು. ಎಂಐಟಿಯ ಪವನ್ ಸಿನ್ಹಾ ನಡೆಸುವ ಪ್ರಕಾಶ್ ಯೋಜನೆಯಲ್ಲಿ ಹುಟ್ಟಿನಿಂದ ಕುರುಡಾದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ, ನೋಟ ಹೇಗೆ ಮೂಡುತ್ತದೆ ಎಂದು ಗಮನಿಸುತ್ತಾರೆ. ಕೈಯಲ್ಲಿ ಮುಟ್ಟಿ ಬಲ್ಲ ಘನವನ್ನೂ ಗೋಲವನ್ನೂ ಹೊಸದಾಗಿ ಕಣ್ಣು ಬಂದ ಕುರುಡ ನೋಡಿಯೇ ಗುರುತಿಸಿಯಾನೇ ಎಂದು 1688ರಲ್ಲಿ ಐರ್ಲೆಂಡಿನ ಮೊಲಿನ್ಯೂ ಕೇಳಿದ್ದ. 2011ರಲ್ಲಿ ಈ ತಂಡ ಎಂಟರಿಂದ ಹದಿನೇಳು ವಯಸ್ಸಿನ ಐದು ಮಕ್ಕಳ ಮೇಲೆ ನಡೆಸಿದ ಪರೀಕ್ಷೆ ಅದಕ್ಕೆ ಉತ್ತರ ಕೊಟ್ಟಿತು: ತಕ್ಷಣಕ್ಕೆ ಇಲ್ಲ, ಕೆಲವು ದಿನಗಳಲ್ಲೇ ಹೌದು. ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ಅದೇ ತಂಡದ ಬೇರೊಂದು ಸಂಗತಿ. ಒಂದರ ಮೇಲೊಂದು ಬಿದ್ದ ವೃತ್ತ ಮತ್ತು ಚೌಕವನ್ನು ತೋರಿಸಿದರೆ ಹೊಸಗಣ್ಣಿನವರು ಎರಡು ಎನ್ನುವುದಿಲ್ಲ, ಗೆರೆ ಗೆರೆಗೂ ಒಂದೊಂದು ತುಂಡು ಎಣಿಸುತ್ತಾರೆ. ಒಂದನ್ನು ಸುಮ್ಮನೆ ಸರಿಸಿದರೆ ಸಾಕು, ಯಾವುದು ಯಾರದ್ದು ಎಂದು ಬಿಡಿಸಿಕೊಳ್ಳುತ್ತದೆ.

“ಎಷ್ಟು ಕಲ್ಲೋ ತಮ್ಮಾ ಈ ಊರಾಗ,” ಎಂದರು ಅತ್ತೆ. ಇಳಿಜಾರಿನ ಬುಡದಲ್ಲಿ ನಾಲ್ಕೈದು ದುಂಡು ಬಂಡೆ ಒತ್ತಿಕೊಂಡು ಬಿದ್ದಿದ್ದವು. ಅದರಲ್ಲೊಂದರ ಅಂಚು ಪಟ್ಟನೆ ಅಲುಗಿತು. ಅದು ಕಿವಿಯಾಯಿತು. ಕಿವಿಯ ಹಿಂದೆ ಕೊಂಬು, ಕೊಂಬಿನ ಹಿಂದೆ ಬೆನ್ನು, ಬಂಡೆ ಮುಂಗಾಲೂರಿ ಎದ್ದು ಬಾಲ ಬೀಸುತ್ತ ನಡೆದುಹೋಯಿತು. ಅದು ಬಂಡೆಯಾಗಿದ್ದದ್ದು ಹೇಗೆ ಎಂದು ಈಗ ಎಷ್ಟು ನೋಡಿದರೂ ನನಗೆ ಹೊಳೆಯಲಿಲ್ಲ.

“ನಾ ಆಗಳೇ ಅಂದ್ನಿಲ್ಲೋ, ಅದು ಎಮ್ಮಿ ಅಂತ,” ಎಂದರು ಅತ್ತೆ.

ಅವರು ಅಂದಿರಲಿಲ್ಲ.