ಹಿತ್ತಾಳೆಯ ಬಿಲ್ಲೆಯ ಸಾಕ್ಷ್ಯ

ಅಪೂರ್ವವಾದ ವಸ್ತುಗಳನ್ನು ಸಂಗ್ರಹಿಸಿ ಕಾಪಾಡುವ ಹವ್ಯಾಸ ಬಹು ಪುರಾತನವಾದುದು. ಅರಸರು ರತ್ನಖಚಿತವಾದ ಖಡ್ಗಗಳನ್ನೂ ಚಿತ್ರಪಟಗಳನ್ನೂ ತಮ್ಮ ಭಂಡಾರಗಳಲ್ಲಿ ಕೂಡಿಟ್ಟರು. ವಿದ್ವಾಂಸರು ತಾಳೆಗರಿಗಳನ್ನೂ ನಾಣ್ಯಗಳನ್ನೂ ಕಲೆಹಾಕಿದರು. ಆದರೆ ಬೆಲೆಯಿಲ್ಲವೆಂದು ಜನರು ಬಿಸಾಡಿದ ವಸ್ತುಗಳನ್ನೇ ಹುಡುಕಿ ತೆಗೆದು ಜೋಪಾನ ಮಾಡುವವರೂ ಇದ್ದಾರೆ. ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗದಲ್ಲಿ ಹತ್ತೊಂಬತ್ತನೆಯ ಶತಮಾನದ ಅಂಗಡಿಗಳು, ಪಾನಗೃಹಗಳು ಮತ್ತು ಸಾಗಾಣಿಕೆಯ ಸಂಸ್ಥೆಗಳು ಹಂಚಿದ ಬಿಲ್ಲೆ, ಬಾಟಲಿ, ಜಾಹೀರಾತಿನ ಚೀಟಿ, ತಗಡಿನ ಫಲಕ ಮೊದಲಾದವುಗಳನ್ನು ಸಂಗ್ರಹಿಸುವವರು ಈ ಬಗೆಯವರು. ಈ ಕ್ಷುದ್ರ ವಸ್ತುಗಳಿಗೆ ಇಂದು ಅಷ್ಟೊಂದು ಗೌರವವೇಕೆ ಎಂಬುದನ್ನು ತಿಳಿಯಬೇಕಾದರೆ ಆ ಪ್ರದೇಶದ ಇತಿಹಾಸವನ್ನು ಸ್ವಲ್ಪ ನೋಡಬೇಕು.

1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಒಂದು ಮರದ ಗಿರಣಿಯ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್ ಎಂಬಾತನಿಗೆ ಚಿನ್ನದ ಕಣಗಳು ಕಂಡವು. ಸುದ್ದಿ ಹರಡಿದೊಡನೆ ನಾನಾ ದೇಶಗಳ ಜನರು ಪಶ್ಚಿಮದತ್ತ ಧಾವಿಸಿದರು. 1859ರಲ್ಲಿ ನೆವಾಡಾ ಪ್ರಾಂತದಲ್ಲಿ ಬೆಳ್ಳಿಯ ಅದಿರು ದೊರೆತು ವರ್ಜೀನಿಯಾ ಸಿಟಿ ಎಂಬ ಪಟ್ಟಣ ತಲೆಯೆತ್ತಿತು. 1862ರ ಶಾಸನವೊಂದು ನೆಲ ಉಳುವವರಿಗೆ 160 ಎಕರೆಗಳಷ್ಟು ಸರ್ಕಾರಿ ಭೂಮಿಯನ್ನು ನೀಡತೊಡಗಿತು. 1869ರಲ್ಲಿ ಪೂರ್ವವನ್ನೂ ಪಶ್ಚಿಮವನ್ನೂ ರೈಲುಹಾದಿ ಕೂಡಿಸಿತು. ವಲಸೆಗಾರರ ವಸತಿ ಮುಂದುವರಿದಂತೆಲ್ಲ ಅಲ್ಲಿ ತಲೆತಲಾಂತರದಿಂದ ಬಾಳಿದ್ದ ಮೂಲನಿವಾಸಿಗಳು ತಮ್ಮ ನೆಲವನ್ನು ಕಳೆದುಕೊಳ್ಳುತ್ತ ಹೋದರು. ಈ ವಸತಿಯ ಅಂಚನ್ನೇ ಅಲ್ಲಿನ ಜನ ಗಡಿಸೀಮೆ ಎಂದು ಕರೆದರು. 1890ರ ಜನಗಣತಿಯ ವೇಳೆಗೆ ಅಂತಹ ಅಂಚು ಉಳಿದಿಲ್ಲವೆಂದು ಸರ್ಕಾರ ಸಾರಿತು. ಗಣಿಯಲ್ಲಿ ಅದಿರಿರುವವರೆಗೆ ಮಾತ್ರ ಊರು; ಅದಿರು ತೀರಿದರೆ ಊರೂ ಬರಿದು. ಹೀಗೆ ಕೆಲವೇ ವರ್ಷ ಬಾಳಿ ಅಳಿದ ಎಷ್ಟೋ ಊರುಗಳಿಗೆ ಇಂದು ಉಳಿದಿರುವ ಕುರುಹುಗಳೆಂದರೆ ಅಲ್ಲಿನ ವರ್ತಕರ ಸಣ್ಣಪುಟ್ಟ ಸಾಮಗ್ರಿಗಳೇ.

ಅವುಗಳಲ್ಲಿ ಮುಖ್ಯವಾದುದು ಬಿಲ್ಲೆ, ಅಂದರೆ ಟೋಕನ್. ಟಂಕಸಾಲೆಗಳಿಂದ ದೂರವಾಗಿದ್ದ ಆ ಊರುಗಳಲ್ಲಿ ಚಿಲ್ಲರೆ ನಾಣ್ಯಕ್ಕೆ ಬಹಳ ಅಭಾವವಿತ್ತು. ಆದುದರಿಂದ ವರ್ತಕರು ಹಿತ್ತಾಳೆಯ ಬಿಲ್ಲೆಗಳನ್ನು ಮಾಡಿಸಿ, ಅಂಗಡಿಯ ಹೆಸರನ್ನೂ ಬೆಲೆಯನ್ನೂ ಅಚ್ಚೊತ್ತಿಸಿ, ಚಿಲ್ಲರೆಗೆ ಬದಲಾಗಿ ಕೊಡುತ್ತಿದ್ದರು. ಒಂದು ಬಿಲ್ಲೆಗೆ ಒಂದು ರೊಟ್ಟಿ, ಒಂದು ಚುಟ್ಟ ಅಥವಾ ಒಂದು ಲೋಟ ಪಾನೀಯ ಸಿಗುತ್ತಿತ್ತು. ಪಾನಗೃಹಗಳಿಗೆ ಅಲ್ಲಿ 'ಸಲೂನ್' ಎಂದು ಹೆಸರು. ನಮ್ಮಲ್ಲಿ ಕ್ಷೌರದಂಗಡಿಗೆ ಬಳಸುವ ಅದೇ ಹೆಸರಿನ ಅರ್ಥ ಇಲ್ಲಿ ಸಲ್ಲದು. ಕೆಲವು ಬಿಲ್ಲೆಗಳ ಮೇಲೆ ಹನ್ನೆರಡೂವರೆ ಸೆಂಟು ಎಂಬ ವಿಚಿತ್ರ ಬೆಲೆ ಕಾಣುತ್ತದೆ. ಹಿಂದೆ ಚಲಾವಣೆಯಲ್ಲಿದ್ದ ಸ್ಪೇನಿನ ಬೆಳ್ಳಿಯ ಡಾಲರಿನ ಎಂಟನೆಯ ಒಂದು ಪಾಲಿಗೆ 'ಬಿಟ್' ಎನ್ನುತ್ತಿದ್ದರು; ಅದೇ ಲೆಕ್ಕ ಇಲ್ಲಿ ಉಳಿದುಕೊಂಡಿದೆ. ಬಿಲ್ಲೆಯನ್ನು ಪಡೆದವನು ಅದೇ ಅಂಗಡಿಗೆ ಮತ್ತೆ ಬರಲೇಬೇಕಾಗಿದ್ದುದರಿಂದ ಅದು ಹಣವೂ ಆಗಿತ್ತು, ಜಾಹೀರಾತೂ ಆಗಿತ್ತು.

ಅನೇಕ ಬಿಲ್ಲೆಗಳ ಮೇಲೆ ಅಂಗಡಿಯವನ ಹೆಸರುಂಟು, ಊರಿನ ಹೆಸರಿಲ್ಲ. ಇಂತಹವನ್ನು ಸಂಗ್ರಾಹಕರು 'ಮ್ಯಾವರಿಕ್' ಎನ್ನುತ್ತಾರೆ. ಪಶ್ಚಿಮದ ದನಗಾಹಿಗಳ ಭಾಷೆಯಲ್ಲಿ ಒಡೆಯನ ಮುದ್ರೆಯಿಲ್ಲದೆ ಅಲೆಯುವ ಕರುವಿಗೆ ಈ ಹೆಸರು. ತಬ್ಬಲಿಯಾದ ಇಂತಹ ಬಿಲ್ಲೆ ಬರಿಯ ಲೋಹದ ತುಂಡಿನಂತೆ ಮೂಕವಾಗಿರುತ್ತದೆ. ಶ್ರದ್ಧೆಯುಳ್ಳ ಸಂಗ್ರಾಹಕನು ಹಳೆಯ ಪತ್ರಿಕೆಗಳನ್ನೂ, ಪಟ್ಟಣಗಳ ವರ್ತಕರ ಯಾದಿಗಳನ್ನೂ, ಜನಗಣತಿಯ ದಾಖಲೆಗಳನ್ನೂ ಶೋಧಿಸಿ ಆ ಹೆಸರಿನವನು ಯಾವ ಊರಿನಲ್ಲಿ, ಯಾವ ವರ್ಷ ಅಂಗಡಿ ನಡೆಸಿದನೆಂದು ಪತ್ತೆಹಚ್ಚುತ್ತಾನೆ. ಊರು ತಿಳಿದೊಡನೆ ಬಿಲ್ಲೆಗೆ ಬಾಯಿ ಬರುತ್ತದೆ; ಅದರ ಬೆಲೆಯೂ ಏರುತ್ತದೆ. ಸಂಗ್ರಹದ ನಿಜವಾದ ಮರ್ಮ ಇಲ್ಲಿದೆ. ವಸ್ತುವಿನ ಮೌಲ್ಯವಿರುವುದು ಅದರ ಲೋಹದಲ್ಲಲ್ಲ. ಅದು ಹೊತ್ತು ತರುವ ಸುದ್ದಿಯಲ್ಲಿ.

ಅಂತಹ ಸುದ್ದಿಯನ್ನು ಕಾಫಿಯ ಪೊಟ್ಟಣವೂ ಹೇಳಬಲ್ಲುದು. ಹಿಂದೆ ಕಾಫಿಬೀಜವನ್ನು ಹಸಿಯಾಗಿಯೇ ಮಾರುತ್ತಿದ್ದರು. ಕೊಂಡವರು ಬಾಣಲೆಯಲ್ಲಿ ಅದನ್ನು ಹುರಿಯಬೇಕಾಗಿತ್ತು. ಕೆಲವು ಬೀಜಗಳು ಸೀದುಹೋದರೂ ರುಚಿ ಕೆಡುತ್ತಿತ್ತು. ಹುರಿದ ಬೀಜಕ್ಕೆ ಮೊಟ್ಟೆ ಮತ್ತು ಸಕ್ಕರೆಯ ಲೇಪನ ಕೊಟ್ಟು ಪರಿಮಳವನ್ನು ಹಿಡಿದಿಡುವ ವಿಧಾನಕ್ಕೆ ಜಾನ್ ಅರ್ಬಕಲ್ ಎಂಬ ವರ್ತಕನು 1868ರಲ್ಲಿ ಪೇಟೆಂಟ್ ಪಡೆದನು. 'ಅರಿಯೋಸಾ' ಎಂಬ ಹೆಸರಿನ ಅವನ ಕಾಫಿ ಒಂದೊಂದು ಪೌಂಡಿನ ಕಾಗದದ ಪೊಟ್ಟಣಗಳಲ್ಲಿ ದನಗಾಹಿಗಳ ಬಿಡಾರಗಳನ್ನೆಲ್ಲ ತಲುಪಿತು. ಪೊಟ್ಟಣದೊಳಗೆ ಪುದೀನದ ಮಿಠಾಯಿಯ ಒಂದು ಕಡ್ಡಿ ಇರುತ್ತಿತ್ತು. ಪೊಟ್ಟಣದ ಮೇಲಿನ ಸಹಿಯನ್ನು ಕತ್ತರಿಸಿ ಕೂಡಿಸಿಟ್ಟು ಕಳುಹಿಸಿದವರಿಗೆ ಕ್ಷೌರದ ಕತ್ತಿ, ಪರದೆ, ಮದುವೆಯ ಉಂಗುರ ಮುಂತಾದ ವಸ್ತುಗಳು ದೊರೆಯುತ್ತಿದ್ದವು. ಇದಲ್ಲದೆ ವರ್ಣಮಯವಾದ ಚಿತ್ರಚೀಟಿಗಳನ್ನೂ ಹಂಚುತ್ತಿದ್ದರು. ಬಣ್ಣದ ಕಲ್ಲಚ್ಚು ಅಗ್ಗವಾಗಿದ್ದ ಆ ಕಾಲದಲ್ಲಿ ಹೊಲಿಗೆಯಂತ್ರ, ಸಾಬೂನು, ಔಷಧಿಗಳ ವರ್ತಕರೂ ಇಂತಹ ಚೀಟಿಗಳನ್ನು ಅಚ್ಚುಹಾಕಿಸಿದರು. ಬೇರೆ ಚಿತ್ರಗಳು ಅಪರೂಪವಾಗಿದ್ದ ಮನೆಗಳಲ್ಲಿ ಮಕ್ಕಳೂ ಹೆಂಗಸರೂ ಅವುಗಳನ್ನು ಪುಸ್ತಕಗಳಲ್ಲಿ ಅಂಟಿಸಿಟ್ಟುಕೊಂಡರು. ಅವು ಅಳಿಯದೆ ಇಂದಿನವರೆಗೆ ಬಂದುದಕ್ಕೆ ಆ ಮಕ್ಕಳ ಅಕ್ಕರೆಯೇ ಬಹುಮಟ್ಟಿಗೆ ಕಾರಣ.

ಒಮ್ಮೊಮ್ಮೆ ವಸ್ತುವನ್ನು ತಯಾರಿಸಿದವರೇ ಮರೆತುಬಿಟ್ಟುದನ್ನು ಸಂಗ್ರಾಹಕರು ನೆನಪಿಸಿಕೊಡುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಮತ್ತು ರೀನೋ ಪಟ್ಟಣದ ದರ್ಜಿ ಜೇಕಬ್ ಡೇವಿಸ್ 1873ರ ಮೇ 20ರಂದು, ಕೆಲಸಗಾರರ ಷರಾಯಿಯ ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ ಬಡಿಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಇಂದಿನ ಜೀನ್ಸ್ ಉಡುಪಿಗೆ ಇದೇ ಮೂಲ. ಒಂದು ಷರಾಯಿಯನ್ನು ಎರಡು ಕುದುರೆಗಳು ಎಳೆದು ಹರಿಯಲು ಯತ್ನಿಸುವ ಚಿತ್ರವನ್ನು 1886ರಿಂದ ಅದರ ಚರ್ಮದ ಪಟ್ಟಿಯ ಮೇಲೆ ಮುದ್ರಿಸಿದರು. ಇಂಗ್ಲಿಷ್ ಓದಲಾರದವನೂ 'ಎರಡು ಕುದುರೆಯ ಷರಾಯಿ' ಕೊಡಿರೆಂದು ಕೇಳಬಹುದಾಗಿತ್ತು. 1906ರ ಭೂಕಂಪ ಮತ್ತು ಅಗ್ನಿಪ್ರಕೋಪದಲ್ಲಿ ಈ ಸಂಸ್ಥೆಯ ದಾಖಲೆಗಳು ಸುಟ್ಟುಹೋದವು. ತನ್ನ ಇತಿಹಾಸವನ್ನು ತಿಳಿಯಲು ಸಂಸ್ಥೆಯೇ ಹಳೆಯ ಗಣಿಗಳಲ್ಲಿ ಸಿಕ್ಕಿದ ಚಿಂದಿ ಷರಾಯಿಗಳನ್ನು ಅರಸಬೇಕಾಯಿತು. ನೆವಾಡಾದ ಗಣಿಯೂರೊಂದರಲ್ಲಿ ದೊರೆತ, 1880ರ ದಶಕದ ಒಂದು ಷರಾಯಿಯನ್ನು 2001ರಲ್ಲಿ ಅದು 46,532 ಡಾಲರುಗಳಿಗೆ ಹರಾಜಿನಲ್ಲಿ ಕೊಂಡಿತು.

ಆದರೆ ಹಳೆಯ ವಸ್ತುಗಳು ಹಿತವಾದುದನ್ನು ಮಾತ್ರ ಹೇಳುವುದಿಲ್ಲ. ಅದೇ ಕಾಲದ ಇನ್ನೊಂದು ಷರಾಯಿ 2022ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಹರಾಜಾಯಿತು. ಬಿಳಿಯ ಕೆಲಸಗಾರರಿಂದಲೇ ತಯಾರಾದುದು ಇದೊಂದೇ ಎಂಬ ಅರ್ಥದ ಮಾತು ಅದರ ಜೇಬಿನ ಒಳಭಾಗದಲ್ಲಿ ಅಚ್ಚಾಗಿತ್ತು. ಪಶ್ಚಿಮದ ರೈಲುಹಾದಿಗಾಗಿ ಬಂಡೆ ಒಡೆದವರಲ್ಲಿ ಚೀನೀಯರು ಸಾವಿರಾರು ಮಂದಿ. ಅವರ ಮೇಲಿನ ದ್ವೇಷ ಬೆಳೆದು, 1882ರ ಶಾಸನವೊಂದು ಚೀನೀ ಕೂಲಿಕಾರರ ಪ್ರವೇಶವನ್ನೇ ತಡೆಯಿತು. ಆ ದ್ವೇಷವನ್ನು ವರ್ತಕರು ಮಾರಾಟಕ್ಕೆ ಬಳಸಿಕೊಂಡರೆಂಬುದಕ್ಕೆ ಈ ಜೇಬು ಸಾಕ್ಷಿ. 1890ರ ದಶಕದಲ್ಲಿ ಸಂಸ್ಥೆ ಆ ಮಾತನ್ನು ಕೈಬಿಟ್ಟಿತಾದರೂ ಬಟ್ಟೆ ಅದನ್ನು ಮರೆಯಲಿಲ್ಲ.

ಜಾಹೀರಾತು ಸುಳ್ಳು ಸಾಕ್ಷ್ಯವನ್ನು ನುಡಿಯುವುದೂ ಉಂಟು. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಲಕೋಟಾ, ಷೈಯನ್ ಮೊದಲಾದ ಮೂಲನಿವಾಸಿ ಯೋಧರು ಜಾರ್ಜ್ ಕಸ್ಟರನ ಸೈನಿಕರನ್ನು ಸೋಲಿಸಿದರು, ಕಸ್ಟರನೂ ಮಡಿದನು. ಇಪ್ಪತ್ತು ವರ್ಷಗಳ ಅನಂತರ, 1896ರಲ್ಲಿ, ಆನ್‌ಹೈಸರ್-ಬುಷ್ ಎಂಬ ಬಿಯರ್ ತಯಾರಕ ಸಂಸ್ಥೆ ಈ ಕಾಳಗದ ದೊಡ್ಡ ಬಣ್ಣದ ಚಿತ್ರವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ದೇಶದ ಪಾನಗೃಹಗಳಿಗೆಲ್ಲ ಹಂಚಿತು. ಅದರಲ್ಲಿ ಕಸ್ಟರನು ನೀಳವಾದ ಕೂದಲು ಬಿಟ್ಟು, ಕತ್ತಿಯನ್ನು ಎತ್ತಿ ಹಿಡಿದು ನಿಂತಿದ್ದಾನೆ. ವಾಸ್ತವವಾಗಿ ಅವನು ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡಿದ್ದನು. ಅವನ ದಳ ಕತ್ತಿಗಳನ್ನು ಬಿಟ್ಟು ಹೊರಟಿತ್ತು. ಆದರೂ ಗೋಡೆಯ ಮೇಲಿನ ಆ ಚಿತ್ರವನ್ನೇ ಅಸಂಖ್ಯಾತ ಜನರು ಇತಿಹಾಸವೆಂದು ನಂಬಿದರು. ಅದೇ ಕಾಳಗದಲ್ಲಿ ಪಾಲ್ಗೊಂಡಿದ್ದ ರೆಡ್ ಹಾರ್ಸ್ ಎಂಬ ಲಕೋಟಾ ಯೋಧನು 1881ರಲ್ಲಿ ತಾನು ಕಂಡುದನ್ನು 42 ಚಿತ್ರಗಳಲ್ಲಿ ಬರೆದನು. ಅವನ್ನು ಆ ಕಲ್ಲಚ್ಚಿನ ಚಿತ್ರದಂತೆ ದೇಶದಲ್ಲೆಲ್ಲ ಹಂಚುವವರು ಇರಲಿಲ್ಲ. ಎರಡನ್ನೂ ಎದುರುಬದುರಾಗಿ ಇಟ್ಟು ನೋಡಿದಾಗಲೇ ಸತ್ಯದ ಹಾದಿ ಕಾಣುತ್ತದೆ.

ಕೆಲವೊಮ್ಮೆ ವಸ್ತುವೇ ಖೋಟಾ ಆಗಿರಬಹುದು. 1852ರಲ್ಲಿ ಸ್ಥಾಪಿತವಾದ ವೆಲ್ಸ್ ಫಾರ್ಗೋ ಸಂಸ್ಥೆ ಗಣಿಗಳ ಚಿನ್ನವನ್ನೂ ಟಪಾಲನ್ನೂ ಸಾಗಿಸುವುದರಲ್ಲಿ ಹೆಸರು ಪಡೆದಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದರ ಹೆಸರುಳ್ಳ ಹಿತ್ತಾಳೆಯ ಸೊಂಟಪಟ್ಟಿಯ ಬಕಲುಗಳು ಮಾರುಕಟ್ಟೆಗೆ ಬಂದವು. ಅವು ಹಳೆಯವೆಂದು ನಂಬಿಸಲು, ಹಿಂದಿನ ವರ್ಷವನ್ನು ಹಾಕಿದ ಒಂದು ಕಪಟ ಗ್ರಂಥವನ್ನೇ ಅಚ್ಚುಮಾಡಿದ್ದರು! ಇಂತಹ ಮೋಸದಿಂದ ಪಾರಾಗಲು ವಿಜ್ಞಾನ ಮತ್ತು ಇತಿಹಾಸಗಳ ತಿಳಿವಳಿಕೆ ನೆರವಾಗುತ್ತದೆ. ವಿದ್ಯುತ್ತಿನಿಂದ ಅಲ್ಯೂಮಿನಿಯಮನ್ನು ಬೇರ್ಪಡಿಸುವ ವಿಧಾನ 1886ರಲ್ಲಿ ಕಂಡುಬಂದ ಮೇಲೆಯೇ ಆ ಲೋಹ ಅಗ್ಗವಾಯಿತು. ಆದುದರಿಂದ 1870ರದೆಂದು ಹೇಳುವ ಅಲ್ಯೂಮಿನಿಯಮ್ ಬಿಲ್ಲೆಯನ್ನು ನಂಬಲಾಗದು. ಬಾಟಲಿಯ ಪಕ್ಕದ ಗೆರೆ ಬಾಯಿಯ ಅಂಚನ್ನೂ ದಾಟಿದ್ದರೆ ಅದು ಸಾಮಾನ್ಯವಾಗಿ ಇಪ್ಪತ್ತನೆಯ ಶತಮಾನದ ಸ್ವಯಂಚಾಲಿತ ಯಂತ್ರದಲ್ಲಿ ತಯಾರಾದುದು. ಅರಿಜೋನಾ 1912ರಲ್ಲಿ ರಾಜ್ಯವಾಯಿತು. ಅದನ್ನು 'ಟೆರಿಟರಿ' ಎಂದು ಕರೆಯುವ ಫಲಕ ನಿಜವಾದುದಾದರೆ ಅದಕ್ಕಿಂತ ಹಿಂದಿನದಾಗಿರಬೇಕು.

ವಸ್ತುವಿನಷ್ಟೇ ಅದು ಸಿಕ್ಕಿದ ಸ್ಥಳವೂ ಮುಖ್ಯವೆಂಬುದಕ್ಕೆ ವರ್ಜೀನಿಯಾ ಸಿಟಿಯಲ್ಲೇ ಒಂದು ನಿದರ್ಶನವಿದೆ. ವಿಲಿಯಂ ಬ್ರೌನ್ ಎಂಬ ಕಪ್ಪು ಜನಾಂಗದ ವ್ಯಕ್ತಿ 1860 ಮತ್ತು 1870ರ ದಶಕಗಳಲ್ಲಿ ಅಲ್ಲಿ 'ಬಾಸ್ಟನ್ ಸಲೂನ್' ಎಂಬ ಪಾನಗೃಹವನ್ನು ನಡೆಸಿದ್ದನು. ಗಡಿಸೀಮೆಯ ಜನಪ್ರಿಯ ಕತೆಗಳಲ್ಲಿ ಇಂತಹವರ ಹೆಸರು ಕೇಳಿಬರುವುದೇ ಅಪರೂಪ. 2000ದಲ್ಲಿ ಪುರಾತತ್ತ್ವಜ್ಞರು ವಾಹನ ನಿಲ್ಲಿಸುವ ಜಾಗವೊಂದರ ಕೆಳಗೆ ಆ ನಿವೇಶನವನ್ನು ಅಗೆದಾಗ ಅಂದವಾದ ಗಾಜಿನ ಪಾನಪಾತ್ರೆಗಳು, ಉತ್ತಮ ಮಾಂಸದ ಮೂಳೆಗಳು, ಮೆಣಸಿನಕಾಯಿಯ ಟಬಾಸ್ಕೋ ಸಾರದ ಬಾಟಲಿಯ ಚೂರುಗಳು ದೊರೆತವು. ಅಲ್ಲಿಗೆ ಬರುತ್ತಿದ್ದವರು ಒಳ್ಳೆಯ ಊಟವನ್ನೂ ಅಚ್ಚುಕಟ್ಟನ್ನೂ ಬಯಸುತ್ತಿದ್ದರೆಂದು ಇದರಿಂದ ತಿಳಿಯಿತು. ಯಾರೋ ಗುಟ್ಟಾಗಿ ಅಗೆದು ಆ ಬಾಟಲಿಯನ್ನು ಮಾರಿಕೊಂಡಿದ್ದರೆ ಅದು ಕಪಾಟಿನ ಅಲಂಕಾರವಾಗುತ್ತಿತ್ತೇ ಹೊರತು ಬ್ರೌನನ ಹೆಸರನ್ನು ಹೇಳುತ್ತಿರಲಿಲ್ಲ.

ಈ ಕಾರಣದಿಂದಲೇ ಅಮೆರಿಕದ 1979ರ ಶಾಸನವೊಂದು, ಕೇಂದ್ರ ಸರ್ಕಾರದ ಭೂಮಿಯಲ್ಲಿರುವ ನೂರು ವರ್ಷಕ್ಕೂ ಹಳೆಯ ಪುರಾತತ್ತ್ವ ವಸ್ತುಗಳನ್ನು ಅನುಮತಿಯಿಲ್ಲದೆ ಅಗೆದು ಒಯ್ಯುವುದನ್ನು ನಿಷೇಧಿಸಿತು. 1962ರಿಂದ ಕ್ಯಾಲಿಫೋರ್ನಿಯ ರಾಜ್ಯದ ರಕ್ಷಣೆಯಲ್ಲಿರುವ ಬೋಡಿ ಎಂಬ ಬರಿದಾದ ಊರಿನಲ್ಲಿ ಅಂಗಡಿಯ ಸರಕುಗಳು ಇದ್ದಲ್ಲಿಯೇ ಇವೆ. ಅಲ್ಲಿಂದ ಮೊಳೆಯೊಂದನ್ನು ಕದ್ದೊಯ್ದವರು ಸಹ ಪಶ್ಚಾತ್ತಾಪದ ಪತ್ರ ಬರೆದು ಮರಳಿಸಿದ್ದುಂಟು. 1856ರಲ್ಲಿ ಮಿಸೌರಿ ನದಿಯಲ್ಲಿ ಮುಳುಗಿದ 'ಅರೇಬಿಯಾ' ಎಂಬ ಉಗಿಹಡಗಿನ ಸರಕಿನ ಕತೆ ಇನ್ನೂ ಸ್ವಾರಸ್ಯವಾದುದು. ನದಿ ತನ್ನ ಪಾತ್ರವನ್ನು ಬದಲಿಸಿದ್ದರಿಂದ ಹಡಗು ಹೊಲವೊಂದರ ಅಡಿಯಲ್ಲಿ ಹೂತುಹೋಗಿತ್ತು. 1988ರಲ್ಲಿ ಅದನ್ನು ಅಗೆಯತೊಡಗಿದ ಕುಟುಂಬದವರಿಗೆ ಗಡಿಸೀಮೆಯ ಅಂಗಡಿಗಳಿಗೆಂದು ಹೊರಟಿದ್ದ ಬೂಟು, ಬಟ್ಟಲು, ಉಪ್ಪಿನಕಾಯಿಯ ಬಾಟಲಿಗಳು ಹೇರಳವಾಗಿ ಸಿಕ್ಕವು. ಬಿಡಿಬಿಡಿಯಾಗಿ ಮಾರಿದ್ದರೆ ಅಪಾರ ಹಣ ಬರುತ್ತಿತ್ತು. ಆದರೆ ಸರಕೆಲ್ಲ ಒಟ್ಟಿಗೆ ಇರಬೇಕೆಂದು ನಿಶ್ಚಯಿಸಿ ಅವರು 1991ರಲ್ಲಿ ವಸ್ತುಸಂಗ್ರಹಾಲಯವನ್ನು ತೆರೆದರು.

ಹೀಗೆ ಸಂಗ್ರಾಹಕನ ಹೊಣೆ ವಸ್ತುವನ್ನು ಪಡೆಯುವುದರಲ್ಲಿಯೇ ಮುಗಿಯುವುದಿಲ್ಲ. ಅದು ಎಲ್ಲಿಂದ ಬಂದಿತು, ಯಾರು ಬಳಸಿದರು, ಅದರ ಮಾತು ನಿಜವೇ ಎಂದು ಅವನು ವಿಚಾರಿಸಬೇಕು, ತಿಳಿದುದನ್ನು ಬರೆದಿಡಬೇಕು. ದೊರೆಗಳ ಕತೆಯನ್ನು ಹೇಳಲು ಶಾಸನಗಳಿವೆ, ಗ್ರಂಥಗಳಿವೆ. ಗಣಿಯ ಕೂಲಿಕಾರ, ದನಗಾಹಿ, ಊರಂಚಿನ ಅಂಗಡಿಯವ ಇವರ ಕತೆಯನ್ನು ಹೇಳಲು ಎಷ್ಟೋ ವೇಳೆ ಉಳಿದಿರುವುದು ಒಂದು ಹಿತ್ತಾಳೆಯ ಬಿಲ್ಲೆ ಮಾತ್ರ. ಅದನ್ನು ಅದರ ಊರಿನಿಂದಲೂ ಹೆಸರಿನಿಂದಲೂ ಅಗಲಿಸಿದರೆ ಅವರ ಕೊನೆಯ ಮಾತನ್ನೂ ಅಡಗಿಸಿದಂತಾಗುತ್ತದೆ.