ಹಳೆಯ ಅಂಕಪಟ್ಟಿ ಎಲ್ಲಿ ಎಷ್ಟು ತೂಗುತ್ತದೆ?

ದ್ವಿತೀಯ ಪಿಯುಸಿಯಲ್ಲಿ ಶೇ. 58 ಬಂದ ಹುಡುಗಿಗೆ ಮನೆಯಲ್ಲೂ ಕಾಲೇಜಿನಲ್ಲೂ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ: "ದೊಡ್ಡ ಕಡೆ ಆಸೆ ಇಟ್ಕೋಬೇಡಮ್ಮ, ಹತ್ತಿರದಲ್ಲಿ ಎಲ್ಲಿ ಸೀಟು ಸಿಗುತ್ತೋ ಸೇರ್ಕೋ." ಹೀಗೆ ಹೇಳುವವರಿಗೆ ಅವಳ ಮೇಲೆ ಕಾಳಜಿ ಇರುತ್ತದೆ, ನಿಜ. ಆದರೆ ಆ ದೊಡ್ಡ ಕಡೆಯಲ್ಲಿ ಪಿಯುಸಿ ಅಂಕವನ್ನು ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ ಎಂದು ವಿಚಾರಿಸಿದವರು ಅವರಲ್ಲಿ ಕಡಿಮೆ. ಕೆಲವು ಸಂಸ್ಥೆಗಳಿಗೆ ಆ ಅಂಕ ಒಳಗೆ ಬಿಡಲು ಬೇಕಾದ ಚೀಟಿ ಮಾತ್ರ. ಇನ್ನು ಕೆಲವು ಕಡೆ ರ‍್ಯಾಂಕಿನ ಅರ್ಧವನ್ನೇ ಅದು ತೀರ್ಮಾನಿಸುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಅರ್ಜಿ ಹಾಕುವುದೂ ತಪ್ಪು, ಅರ್ಜಿಯನ್ನೇ ಹಾಕದಿರುವುದು ಇನ್ನೂ ದೊಡ್ಡ ತಪ್ಪು.

ದೆಹಲಿ ವಿಶ್ವವಿದ್ಯಾಲಯವನ್ನೇ ನೋಡಿ. 2021ರವರೆಗೆ ಅಲ್ಲಿ ಬಹುಪಾಲು ಪದವಿ ಕೋರ್ಸ್‌ಗಳಿಗೆ 12ನೇ ತರಗತಿಯ ಅಂಕವೇ ಅಳತೆಗೋಲು. ಆ ವರ್ಷ ಕೆಲವು ಕಾಲೇಜುಗಳ ಮೊದಲ ಪಟ್ಟಿಯ ಕಟ್ ಆಫ್ ನೂರಕ್ಕೆ ನೂರಕ್ಕೇ ಹೋಯಿತು. 2022ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆಲ್ಲ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದ ಮೇಲೆ ಚಿತ್ರ ಬದಲಾಯಿತು. ಈಗ ಅಲ್ಲಿ ಪಿಯುಸಿ ಪಾಸಾಗಿದ್ದರೆ ಸಾಕು, ಸೀಟು ಹಂಚುವುದು ಸಿಯುಇಟಿ ಅಂಕದ ಮೇಲೆ. ಇಬ್ಬರಿಗೆ ಸರಿಸಮ ಬಂದಾಗ ಮಾತ್ರ 12ನೇ ತರಗತಿಯ ಅಂಕಪಟ್ಟಿ ತೆರೆಯುತ್ತಾರೆ. ಕಲಬುರಗಿ ಬಳಿಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಇದೇ ಪರೀಕ್ಷೆಯ ಮೂಲಕ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತದೆ. ಕೋರ್ಸ್‌ಗೆ ತಕ್ಕ ಕನಿಷ್ಠ ಅಂಕದ ಷರತ್ತು ಎಲ್ಲೆಲ್ಲಿ ಇದೆ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು.

ಸಿಯುಇಟಿ ಬರೆಯಬಹುದಾದ 13 ಭಾಷೆಗಳಲ್ಲಿ ಕನ್ನಡವೂ ಒಂದು. ಆದರೆ ಅದರ ಪಠ್ಯಕ್ರಮ ನಿಂತಿರುವುದು ಎನ್‌ಸಿಇಆರ್‌ಟಿ ಪುಸ್ತಕಗಳ ಮೇಲೆ. ನಮ್ಮ ಪಿಯು ವಿಜ್ಞಾನದವರಿಗೆ ಅದು ಪರಿಚಿತ. ಇತಿಹಾಸ, ರಾಜ್ಯಶಾಸ್ತ್ರ ಓದಿದ ಕಲಾ ವಿಭಾಗದವರು ಓದಿರುವುದು ರಾಜ್ಯದ್ದೇ ಪುಸ್ತಕ. ಪ್ರಶ್ನೆಯನ್ನು ಕನ್ನಡದಲ್ಲಿ ಕೊಟ್ಟು, ಅದಕ್ಕೆ ಬೇಕಾದ ಪುಸ್ತಕವನ್ನು ಇಂಗ್ಲಿಷಿನಲ್ಲಿ ಹುಡುಕಿಕೊಳ್ಳಿ ಎನ್ನುವುದು ನ್ಯಾಯವಲ್ಲ. ಆದರೂ ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ಆ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ದ್ವಿತೀಯ ಪಿಯು ತರಗತಿ ಶುರುವಾದ ತಿಂಗಳಲ್ಲೇ ಇಳಿಸಿಕೊಂಡು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವುದೇ ಸದ್ಯಕ್ಕಿರುವ ದಾರಿ.

ವೈದ್ಯಕೀಯಕ್ಕೂ ಸುಮಾರು ಇದೇ ಕಥೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗಕ್ಕೆ ಶೇ. 50, ಮೀಸಲು ವರ್ಗಗಳಿಗೆ ಶೇ. 40 ಇದ್ದರೆ ಅರ್ಹತೆ ಸಿಕ್ಕಿತು. ಅಲ್ಲಿಂದಾಚೆ ನೀಟ್ ರ‍್ಯಾಂಕ್ ಒಂದೇ ಮಾತಾಡುತ್ತದೆ. ಸುರತ್ಕಲ್‌ನ ಎನ್‌ಐಟಿ, ಧಾರವಾಡದ ಐಐಟಿಯಂಥ ಕಡೆ ಗೇಟು ಸ್ವಲ್ಪ ಎತ್ತರ. ಜೆಇಇ ರ‍್ಯಾಂಕ್ ಎಷ್ಟೇ ಚೆನ್ನಾಗಿರಲಿ, 12ನೇ ತರಗತಿಯಲ್ಲಿ ಶೇ. 75, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 65 ಇರಬೇಕು, ಇಲ್ಲವೇ ತಮ್ಮ ಮಂಡಳಿಯ ಮೇಲಿನ 20 ಪರ್ಸೆಂಟೈಲ್‌ನೊಳಗೆ ಬಂದಿರಬೇಕು. ಈ ಎರಡನೆಯ ಅವಕಾಶ ಎಷ್ಟೋ ಮಂದಿಗೆ ಗೊತ್ತೇ ಇಲ್ಲ. ಶೇ. 73 ಬಂತೆಂದು ಕೈಚೆಲ್ಲುವ ಮೊದಲು ಆ ವರ್ಷ ನಮ್ಮ ಮಂಡಳಿಯ ಗಡಿ ಎಲ್ಲಿ ನಿಂತಿದೆ ಎಂದು ನೋಡಲೇಬೇಕು.

ಹಳೆಯ ಅಂಕ ನಿಜವಾಗಿ ಪೆಟ್ಟು ಕೊಡುವುದು ನಮ್ಮ ರಾಜ್ಯದ್ದೇ ಸಿಇಟಿಯಲ್ಲಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ. ಇನ್ನರ್ಧ ಸಿಇಟಿ ಅಂಕ. ಒಂದು ಲೆಕ್ಕ ಹಾಕೋಣ. ಒಬ್ಬನಿಗೆ ಈ ಮೂರು ವಿಷಯಗಳಲ್ಲಿ ಶೇ. 90 ಇದೆ, ಸಿಇಟಿಯ 180 ಪ್ರಶ್ನೆಗಳಲ್ಲಿ 90 ಸರಿಯಾಗಿವೆ. ಅವನ ಒಟ್ಟು ಶೇ. 70. ಪಿಯುಸಿಯಲ್ಲಿ ಶೇ. 60 ಪಡೆದವಳು ಅವನನ್ನು ಸರಿಗಟ್ಟಬೇಕಾದರೆ ಸಿಇಟಿಯಲ್ಲಿ 144 ಪ್ರಶ್ನೆಗಳಿಗೆ ಸರಿಯುತ್ತರ ಕೊಡಬೇಕು, ಅಂದರೆ 54 ಪ್ರಶ್ನೆ ಹೆಚ್ಚು. ಬೇರೆ ರೀತಿ ಹೇಳುವುದಾದರೆ ಪಿಯುಸಿಯ ಐದು ಅಂಕ ಸಿಇಟಿಯ ಮೂರು ಪ್ರಶ್ನೆಗೆ ಸಮ. ಈ ಲೆಕ್ಕದ ಬಿಸಿ ಎಷ್ಟೆಂಬುದು 2022ರಲ್ಲಿ ಎಲ್ಲರಿಗೂ ತಿಳಿಯಿತು. ಕೋವಿಡ್‌ನಿಂದ ಪರೀಕ್ಷೆಯೇ ನಡೆಯದೆ ಪಾಸಾಗಿದ್ದ 2021ರ ಸಾಲಿನವರು ಮತ್ತೆ ಸಿಇಟಿ ಬರೆದಾಗ ಅವರ ಪಿಯುಸಿ ಅಂಕವನ್ನು ಪರಿಗಣಿಸಲಿಲ್ಲ. ವಿಷಯ ಹೈಕೋರ್ಟ್ ಮೆಟ್ಟಿಲೇರಿತು.

ಹಾಗಾದರೆ ಶೇ. 60ರವಳು ಏನು ಮಾಡಬೇಕು? ಸಿಇಟಿಗೆ ಇನ್ನಷ್ಟು ಓದು ಎನ್ನುವುದು ಅರ್ಧ ಉತ್ತರ. ಉಳಿದರ್ಧ ದ್ವಿತೀಯ ಪಿಯುಸಿಯ ಪರೀಕ್ಷೆ-2ರಲ್ಲಿದೆ. 2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂತು; ಪರೀಕ್ಷೆ-2 ಅವುಗಳಲ್ಲಿ ಎರಡನೆಯದು. ಅದರಲ್ಲಿ ಫೇಲಾದವರಿಗಷ್ಟೇ ಅಲ್ಲ, ಪಾಸಾಗಿದ್ದೂ ಅಂಕ ಸಾಲದು ಎನ್ನುವವರಿಗೂ ಅವಕಾಶವಿದೆ, ಮತ್ತು ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಅವಳು 300ಕ್ಕೆ 180 ಇದ್ದುದನ್ನು 220ಕ್ಕೆ ಏರಿಸಿಕೊಂಡರೆ ಸಿಇಟಿಯಲ್ಲಿ 24 ಪ್ರಶ್ನೆಗಳ ಹೊರೆ ಇಳಿಯಿತು. ಹೊಸ ಅಂಕವನ್ನು ಯಾವ ದಿನದೊಳಗೆ ಸೇರಿಸಬೇಕು ಎಂಬುದಕ್ಕೆ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಸೂಚನೆ ನೋಡಬೇಕು.

ಮಾತಿನಲ್ಲಿ ಅಥವಾ ಬರಹದಲ್ಲಿ ನಿಮ್ಮ ಬಗ್ಗೆ ಕೇಳುವ ಸಂಸ್ಥೆಗಳೂ ಇವೆ. ಸಂದರ್ಶನ ನಡೆಸುವ ಖಾಸಗಿ ವಿಶ್ವವಿದ್ಯಾಲಯಗಳು, ವಿದೇಶದ ಹಲವು ವಿಶ್ವವಿದ್ಯಾಲಯಗಳು ಈ ಸಾಲಿಗೆ ಸೇರುತ್ತವೆ. ಇಲ್ಲಿ ಕಡಿಮೆ ಅಂಕವನ್ನು ಮುಚ್ಚಿಡಲು ಹೋಗಬೇಡಿ, ಅದರ ಸುತ್ತ ಗೋಳಿನ ಪುರಾಣವನ್ನೂ ಹೆಣೆಯಬೇಡಿ. ಮೂರು ವಾಕ್ಯ ಸಾಕು: "ಪರೀಕ್ಷೆಗೆ ಮುಂಚಿನ ನಾಲ್ಕು ತಿಂಗಳು ತಂದೆಯ ಚಿಕಿತ್ಸೆಗಾಗಿ ಹುಬ್ಬಳ್ಳಿಯಲ್ಲಿದ್ದೆ. ಗಣಿತದಲ್ಲಿ 41 ಬಂತು. ಪರೀಕ್ಷೆ-2ರಲ್ಲಿ ಅದನ್ನು 78ಕ್ಕೆ ತಂದುಕೊಂಡೆ." ಕಾರಣ, ಅಂಕ, ಆಮೇಲೆ ಮಾಡಿದ ಕೆಲಸ. ಮೂರನೆಯ ವಾಕ್ಯವಿಲ್ಲದಿದ್ದರೆ ಮೊದಲಿನ ಎರಡಕ್ಕೆ ಬಲವಿಲ್ಲ. ಆಸ್ಪತ್ರೆಯ ಕಾಗದ, ಉಪನ್ಯಾಸಕರ ಪತ್ರ ಇದ್ದರೆ ಜೊತೆಗಿಡಿ. ಕಾರಣವೇನೂ ಇರಲಿಲ್ಲ, ಓದಿರಲಿಲ್ಲ ಅಷ್ಟೇ ಎಂದಾದರೆ ಹಾಗೆಯೇ ಹೇಳಿ, ಆಮೇಲೆ ಏನು ಮಾಡಿದಿರಿ ಎಂಬುದಕ್ಕೆ ಹೆಚ್ಚು ಜಾಗ ಕೊಡಿ.

ಅಂಕ ಬೇಗ ಸಾಯುವುದಿಲ್ಲ ಎಂಬುದಕ್ಕೆ ಬೆಂಗಳೂರಿನ ಐಐಎಂ ಸಾಕ್ಷಿ. ಕ್ಯಾಟ್ ಬರೆದವರನ್ನು ಸಂದರ್ಶನಕ್ಕೆ ಆರಿಸುವಾಗ ಅದು 10 ಮತ್ತು 12ನೇ ತರಗತಿಯ ಅಂಕಗಳಿಗೂ ತೂಕ ಕೊಡುತ್ತದೆ. ಹದಿನೈದನೇ ವಯಸ್ಸಿನ ಎಸ್ಸೆಸ್ಸೆಲ್ಸಿ ಇಪ್ಪತ್ತೆರಡನೇ ವಯಸ್ಸಿನಲ್ಲಿ ಎದುರು ನಿಲ್ಲುತ್ತದೆ. ಇದು ನನಗೆ ಸರಿಯೆನಿಸದು; ಹಳ್ಳಿಯ ಶಾಲೆಯಲ್ಲಿ ಗಣಿತದ ಮೇಷ್ಟ್ರೇ ಇಲ್ಲದೆ ಬರೆದ ಪರೀಕ್ಷೆಯನ್ನು ಏಳು ವರ್ಷ ಬೆನ್ನಿಗೆ ಕಟ್ಟಿ ಕಳಿಸಿದಂತೆ. ಆದರೆ ಎಲ್ಲ ಕಡೆಯೂ ಹೀಗಿಲ್ಲ. ಪದವಿಯ ನಂತರ ವಿಜ್ಞಾನದಲ್ಲಿ ಮುಂದುವರಿಯುವವರಿಗೆ ಜಾಮ್ ಪರೀಕ್ಷೆಯಿಂದ ಐಐಟಿಗಳ ಎಂಎಸ್ಸಿ ಇದೆ, ಭಾರತೀಯ ವಿಜ್ಞಾನ ಸಂಸ್ಥೆಯ ಸಮಗ್ರ ಪಿಎಚ್‌ಡಿಯೂ ಇದೆ. ಸಿಯುಇಟಿ-ಪಿಜಿ ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಕೋರ್ಸ್‌ಗಳಿಗೆ ದಾರಿ. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ ಪದವೀಧರರಿಗೆ ಮೂರು ವರ್ಷದ ಎಲ್‌ಎಲ್‌ಬಿಯನ್ನು 2022ರಲ್ಲಿ ಆರಂಭಿಸಿತು. ಅದಕ್ಕೆ ಅದರದೇ ಪ್ರವೇಶ ಪರೀಕ್ಷೆ. ಐಐಟಿ ಮದ್ರಾಸ್ 2020ರಲ್ಲಿ ತೆರೆದ ಡೇಟಾ ಸೈನ್ಸ್ ಆನ್‌ಲೈನ್ ಕೋರ್ಸ್‌ಗೆ ಜೆಇಇ ಬೇಕಿಲ್ಲ. ನಾಲ್ಕು ವಾರ ಪಾಠ ಕೇಳಿ, ಅರ್ಹತಾ ಪರೀಕ್ಷೆ ಪಾಸಾದರೆ ಪ್ರವೇಶ.

ಇಷ್ಟರಲ್ಲಿ ಅತ್ಯಂತ ಅವಸರದ್ದು ಮಾತ್ರ ಫಲಿತಾಂಶ ಬಂದ ವಾರದ ಕೆಲಸ. ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ, ಮರುಎಣಿಕೆ, ಮರುಮೌಲ್ಯಮಾಪನ, ಪರೀಕ್ಷೆ-2ರ ನೋಂದಣಿ ಎಲ್ಲಕ್ಕೂ ಸಿಗುವುದು ಕೆಲವೇ ದಿನ. ಆ ದಿನಗಳು ಬಹಳಷ್ಟು ಮನೆಗಳಲ್ಲಿ ಬೈಗುಳ, ಮೌನ, ನೆಂಟರ ವಿಚಾರಣೆಯಲ್ಲೇ ಕಳೆದುಹೋಗುತ್ತವೆ. ತಂದೆತಾಯಂದಿರಲ್ಲಿ ಕೇಳಿಕೊಳ್ಳುವುದಿಷ್ಟೆ: ಬೇಸರವನ್ನು ಒಂದು ವಾರ ಪಕ್ಕಕ್ಕಿಟ್ಟು, ಮಗುವಿನ ಜೊತೆ ಕಾಲೇಜಿನ ಕಚೇರಿಗೆ ಹೋಗಿ ಕೊನೆಯ ದಿನಾಂಕಗಳನ್ನು ಬರೆದುಕೊಂಡು ಬನ್ನಿ.